ಠಾಣೆ, ಕೋರ್ಟು, ಜೈಲು: ನಿಮ್ಮವರನ್ನು ಹುಡುಕುವ ದಾರಿ

ತಾಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಕೋರ್ಟಿನ ವರಾಂಡದಲ್ಲಿ ಜನ ನನ್ನನ್ನು ತಡೆದು ನಿಲ್ಲಿಸಿ ಕೇಳುತ್ತಿದ್ದ ಮೊದಲ ಮಾತು, "ನಮ್ಮ ಹುಡುಗ ಎಲ್ಲವ್ನೆ ಸಾರ್?" ರಾತ್ರಿ ಜೀಪು ಬಂದು ಕರೆದುಕೊಂಡು ಹೋಗಿರುತ್ತದೆ. ಯಾವ ಠಾಣೆ, ಯಾವ ಕೇಸು ಎಂದು ಹೆತ್ತವರಿಗೆ ತಿಳಿದಿರುವುದಿಲ್ಲ. ಈಗ ಅದೇ ಪ್ರಶ್ನೆ ಹಿಡಿದುಕೊಂಡು ಅವರು ಊರಿನಲ್ಲಿ ಓದಿದ, ಕೈಯಲ್ಲಿ ಫೋನಿರುವ ನಿಮ್ಮಂಥ ಮಕ್ಕಳ ಬಾಗಿಲಿಗೆ ಬರುತ್ತಾರೆ. ಬಂದಾಗ ನೀವು ತಬ್ಬಿಬ್ಬಾಗಬಾರದೆಂದು ಇಷ್ಟು ಬರೆದಿದ್ದೇನೆ.

• ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟು ಗಂಟೆಗೆ ಕರೆದೊಯ್ದರು, ಎಲ್ಲಿಂದ, ಯಾರೆದುರು, ಸಮವಸ್ತ್ರದಲ್ಲಿದ್ದರೇ, ಗಾಡಿಯ ನಂಬರೇನು, ಯಾವ ಠಾಣೆಯ ಹೆಸರು ಹೇಳಿದರು, ಎಲ್ಲವನ್ನೂ ಬರೆದುಕೊಳ್ಳಿ. ಬಂಧಿಸಿದವರನ್ನು 24 ಗಂಟೆಯೊಳಗೆ, ಪ್ರಯಾಣದ ಹೊತ್ತನ್ನು ಬಿಟ್ಟು, ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ. ಮುಂದೆ ಠಾಣೆಯ ಕಾಗದದಲ್ಲಿ ಬೇರೆ ಗಂಟೆ ಕಾಣಿಸಿಕೊಂಡರೆ ವಕೀಲರಿಗೆ ಆಧಾರವಾಗುವುದು ನಿಮ್ಮ ಈ ಹಾಳೆ.

• ಠಾಣೆಗೆ ಒಬ್ಬರೇ ಹೋಗಬೇಡಿ, ಗುಂಪು ಕಟ್ಟಿಕೊಂಡೂ ಹೋಗಬೇಡಿ. ಇಬ್ಬರು ಸಾಕು. ಸ್ಟೇಷನ್ ರೈಟರ್ ಅಥವಾ ಡ್ಯೂಟಿಯಲ್ಲಿರುವ ಎಎಸ್‌ಐ ಹತ್ತಿರ ಸಮಾಧಾನದಿಂದ ಮೂರೇ ಪ್ರಶ್ನೆ ಕೇಳಿ: ಇಂಥ ಹೆಸರಿನವರನ್ನು ಬಂಧಿಸಿದ್ದೀರಾ, ಕ್ರೈಂ ನಂಬರ್ ಎಷ್ಟು, ಯಾವ ಕೋರ್ಟಿಗೆ ಹಾಜರುಪಡಿಸುತ್ತೀರಿ? ಇವನ್ನು ಕೇಳುವಾಗ ಯಾರ ದಯೆಯನ್ನೂ ಬೇಡುತ್ತಿಲ್ಲ ಎಂಬುದು ನೆನಪಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮಿನ ಪ್ರಕಾರ, ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪ ಇವುಗಳ ಮಾಹಿತಿ ಇಟ್ಟುಕೊಳ್ಳಲು ಪ್ರತಿ ಠಾಣೆಯಲ್ಲೂ ಪ್ರತಿ ಜಿಲ್ಲೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಇರಬೇಕು. ಆ ಮಾಹಿತಿಯನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು. 48ನೇ ಕಲಮಿನಂತೆ ಬಂಧನದ ಸುದ್ದಿಯನ್ನು ಮನೆಯವರಿಗೋ ಸ್ನೇಹಿತರಿಗೋ ತಿಳಿಸಿ, ಯಾರಿಗೆ ತಿಳಿಸಿದೆವೆಂದು ಠಾಣೆಯ ಪುಸ್ತಕದಲ್ಲಿ ನಮೂದಿಸಬೇಕು.

ಈ ನಿಯಮಗಳ ಹಿಂದೆ ಒಂದು ಕಾಗದವಿದೆ. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಮುಖ್ಯಸ್ಥರಾಗಿದ್ದ ಡಿ.ಕೆ. ಬಸು, ಪೊಲೀಸ್ ವಶದಲ್ಲಿದ್ದವರ ಸಾವಿನ ಬಗ್ಗೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ನ್ಯಾಯಾಲಯ ಆ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿತು. 1996ರ ಡಿಸೆಂಬರ್‌ನಲ್ಲಿ ಬಂದ ತೀರ್ಪು 11 ಸೂಚನೆಗಳನ್ನು ಕೊಟ್ಟಿತು. ಬಂಧನದ ಮೆಮೊ ಬರೆದು ಅದಕ್ಕೆ ಮನೆಯವರ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿ ಸಹಿ ಹಾಕಿಸಬೇಕು, 12 ಗಂಟೆಯೊಳಗೆ ಕಂಟ್ರೋಲ್ ರೂಮಿಗೆ ತಿಳಿಸಬೇಕು, ಅಲ್ಲಿನ ಫಲಕದಲ್ಲಿ ಹೆಸರು ಹಾಕಬೇಕು ಎಂಬವು ಅದರಲ್ಲಿವೆ. ಠಾಣೆಯಲ್ಲಿ ಉತ್ತರ ಸಿಗದಿದ್ದರೆ ಜಿಲ್ಲಾ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಫೋನಿಗೆ ಉತ್ತರಿಸಿದವರ ಹೆಸರನ್ನೂ ಹೊತ್ತನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಿ.

• ಊರಿನ ಠಾಣೆಯಲ್ಲಿ "ನಮ್ಮಲ್ಲಿ ಇಲ್ಲ" ಎಂದರೆ ಅದು ನಿಜವೂ ಇರಬಹುದು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ, ಮಹಿಳಾ ಠಾಣೆ, ರೈಲ್ವೆ ಪೊಲೀಸ್, ಬೆಂಗಳೂರಿನಲ್ಲಾದರೆ ಅಪರಾಧ ವಿಭಾಗವಾದ ಸಿಸಿಬಿ, ಎಲ್ಲ ಕಡೆ ವಿಚಾರಿಸಿ. ಅಬಕಾರಿ ಮತ್ತು ಅರಣ್ಯ ಇಲಾಖೆಗೂ ಬಂಧಿಸುವ ಅಧಿಕಾರವಿದೆ. ಅವರ ಕೇಸು ಪೊಲೀಸರ ಪುಸ್ತಕದಲ್ಲಿ ಸಿಗುವುದಿಲ್ಲ, ವಲಯ ಕಚೇರಿಯಲ್ಲೇ ಕೇಳಬೇಕು. ಮಲೆನಾಡಿನ ಕಡೆಯವರು ಇದನ್ನು ವಿಶೇಷವಾಗಿ ಗಮನದಲ್ಲಿಡಿ.

• ಕ್ರೈಂ ನಂಬರ್, ಕೆಲವು ಕಡೆ ಗುನ್ನೆ ನಂಬರ್ ಅನ್ನುತ್ತಾರೆ, ಅದೊಂದು ಸಿಕ್ಕರೆ ಅರ್ಧ ಕೆಲಸ ಆದಂತೆ. ಠಾಣೆಯ ಹೆಸರು, ಸಂಖ್ಯೆ, ಇಸವಿ, ಈ ಮೂರೂ ಒಟ್ಟಿಗೆ ಇರಬೇಕು. ಹೆಚ್ಚುಕಡಿಮೆ ಪ್ರತಿ ಠಾಣೆಯಲ್ಲೂ ಪ್ರತಿ ವರ್ಷ 45ನೇ ನಂಬರಿನ ಒಂದು ಕೇಸು ಇರುತ್ತದೆ, ಬರೀ 45 ಎಂದರೆ ಕೋರ್ಟಿನಲ್ಲಿ ಯಾರೂ ಏನೂ ಹುಡುಕಿಕೊಡಲಾರರು.

• ಎಫ್‌ಐಆರ್ ಅನ್ನು ಮನೆಯಲ್ಲೇ ಕೂತು ಓದಬಹುದು. ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 7ರಂದು, ದಾಖಲಾದ ಎಫ್‌ಐಆರ್ ಅನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಆದೇಶಿಸಿತು. ಸಂಪರ್ಕ ಕಷ್ಟವಿರುವ ಕಡೆ 72 ಗಂಟೆಯವರೆಗೂ ಸಮಯವಿದೆ. ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಎಫ್‌ಐಆರ್ ಹುಡುಕುವ ವಿಭಾಗಕ್ಕೆ ಹೋಗಿ ಜಿಲ್ಲೆ, ಠಾಣೆ, ನಂಬರ್, ಇಸವಿ ಕೊಡಿ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಅಲ್ಲಿ ಹಾಕುವುದಿಲ್ಲ. ಆದ್ದರಿಂದ ಅಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಕೇಸೇ ಇಲ್ಲ ಎಂದುಕೊಳ್ಳಬೇಡಿ. ಇನ್ನೊಂದು ಮಾತು: ಎಫ್‌ಐಆರ್‌ನಲ್ಲಿ ಹೆಸರಿದ್ದರೆ ಬಂಧನವಾಗಿದೆ ಎಂದರ್ಥವಲ್ಲ. ಬಂಧನವಾದವರ ಹೆಸರು ಎಫ್‌ಐಆರ್‌ನಲ್ಲಿ ಇರಲೇಬೇಕೆಂದೂ ಇಲ್ಲ, "ಇತರರು" ಎಂದಷ್ಟೇ ಬರೆದಿರಬಹುದು.

• ಜಾಲತಾಣದಲ್ಲಿ ಸಿಗದಿದ್ದರೆ ಪ್ರತಿ ಪಡೆಯಲು ಅದೇ ತೀರ್ಪಿನಲ್ಲಿ ದಾರಿಯಿದೆ. ಆರೋಪಿಯ ಪರವಾಗಿ ಮನೆಯವರೇ ಠಾಣೆಗೋ ಎಸ್‌ಪಿ ಕಚೇರಿಗೋ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ 24 ಗಂಟೆಯಲ್ಲಿ ಕೊಡಬೇಕು. ಎಫ್‌ಐಆರ್ ಕೋರ್ಟಿಗೆ ತಲುಪಿದ್ದರೆ ಅಲ್ಲಿನ ನಕಲು ವಿಭಾಗದಿಂದ ಎರಡು ಕೆಲಸದ ದಿನಗಳಲ್ಲಿ ಸಿಗಬೇಕು. ಜೊತೆಗೆ ಬಂಧನದ ಕಾರಣವನ್ನು ಬರಹದಲ್ಲಿ ಕೊಟ್ಟಿದ್ದಾರೆಯೇ ಎಂದು ವಕೀಲರ ಮೂಲಕ ಕೇಳಿಸಿ.

• ಕೋರ್ಟಿಗೆ ಹೋದಾಗ ಜಡ್ಜರ ಹಾಲ್‌ನ ಬಾಗಿಲಲ್ಲಿ ನಿಂತು ಕಣ್ಣೀರು ಹಾಕಿ ಫಲವಿಲ್ಲ. ಆ ಠಾಣೆ ಯಾವ ಮ್ಯಾಜಿಸ್ಟ್ರೇಟರ ವ್ಯಾಪ್ತಿಗೆ ಬರುತ್ತದೆಂದು ಮೊದಲು ತಿಳಿದುಕೊಂಡು, ಅಲ್ಲಿನ ಬೆಂಚ್ ಕ್ಲರ್ಕನ್ನೋ ಕಚೇರಿಯ ಕ್ರಿಮಿನಲ್ ಶಾಖೆಯವರನ್ನೋ ಕೇಳಿ. ರಿಮ್ಯಾಂಡ್ ಆಗಿದೆಯೇ, ಪೊಲೀಸ್ ಕಸ್ಟಡಿಯೋ ನ್ಯಾಯಾಂಗ ಬಂಧನವೋ, ಮುಂದಿನ ವಾಯಿದೆ ಯಾವತ್ತು, ಯಾವ ಜೈಲಿಗೆ ವಾರಂಟ್ ಬರೆದಿದ್ದಾರೆ, ಈ ನಾಲ್ಕು ಉತ್ತರ ಸಿಕ್ಕರೆ ನಿಮ್ಮ ಹುಡುಗ ಎಲ್ಲಿದ್ದಾನೆ ಎಂದು ಖಚಿತವಾಗುತ್ತದೆ. ಪೊಲೀಸ್ ಕಸ್ಟಡಿ ಎಂದರೆ ಮತ್ತೆ ಠಾಣೆಯಲ್ಲೇ ಇರುತ್ತಾನೆ, ಆಗ ಜೈಲಿನ ಬಾಗಿಲಿಗೆ ಓಡಬೇಕಾಗಿಲ್ಲ. ಭಾನುವಾರ, ಹಬ್ಬದ ದಿನಗಳಲ್ಲಿ ಡ್ಯೂಟಿ ಮ್ಯಾಜಿಸ್ಟ್ರೇಟರ ಮನೆಗೇ ಹಾಜರುಪಡಿಸುತ್ತಾರೆ. ಕೋರ್ಟ್ ರಜೆ ಎಂದು ಸುಮ್ಮನೆ ಮನೆಯಲ್ಲಿ ಕೂತರೆ ಮೊದಲ ಹಾಜರಿಯೇ ನಿಮ್ಮವರು ಯಾರೂ ಇಲ್ಲದೆ ಮುಗಿದುಹೋಗುತ್ತದೆ. ಆ ಹಾಜರಿಯಲ್ಲಿ ಮನೆಯವರ ಮುಖ ಒಂದು ಕಂಡರೂ ಹುಡುಗನಿಗೆ ಎಷ್ಟು ಧೈರ್ಯ ಬರುತ್ತದೆಂದು ನಾನು ಬೆಂಚಿನ ಪಕ್ಕದಲ್ಲಿ ಕೂತು ನೋಡಿದ್ದೇನೆ. ಪೆಟ್ಟು ಬಿದ್ದಿದ್ದರೆ ಮ್ಯಾಜಿಸ್ಟ್ರೇಟರಿಗೆ ಹೇಳಿಕೊಳ್ಳುವ ಧೈರ್ಯವೂ ಆಗಲೇ ಬರುವುದು.

• ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿದ ಮೇಲೆ ಎಫ್‌ಐಆರ್ ನಂಬರ್, ಪಕ್ಷಗಾರರ ಹೆಸರು, ವಕೀಲರ ಹೆಸರು ಹೀಗೆ ಹಲವು ಬಗೆಯಲ್ಲಿ ಹುಡುಕಬಹುದು. ಒಮ್ಮೆ ಕೇಸು ಸಿಕ್ಕರೆ ಅದರ ಸಿಎನ್‌ಆರ್ ನಂಬರನ್ನು ಬರೆದಿಟ್ಟುಕೊಳ್ಳಿ. 16 ಅಕ್ಷರ-ಅಂಕಿಗಳ ಆ ನಂಬರ್ ನಮ್ಮ ರಾಜ್ಯದ ಕೇಸಾದರೆ ಕೆಎ ಎಂದು ಶುರುವಾಗುತ್ತದೆ, ದೇಶದಲ್ಲಿ ಬೇರೆ ಯಾವ ಕೇಸಿಗೂ ಅದು ಇರುವುದಿಲ್ಲ. ದೋಷಾರೋಪ ಪಟ್ಟಿ ಬರುವ ಮೊದಲು ಮುಖ್ಯ ಕೇಸು ಅಲ್ಲಿ ಕಾಣದೆ, ಜಾಮೀನು ಅರ್ಜಿ ಮಾತ್ರ ಕಾಣಬಹುದು. ಇನ್ನು ದೋಷಾರೋಪ ಪಟ್ಟಿಯನ್ನೇ ಜಾಲತಾಣದಲ್ಲಿ ಹುಡುಕುತ್ತ ಕೂರಬೇಡಿ. ಅದು ಸಾರ್ವಜನಿಕವಾಗಿ ಹಾಕಬೇಕಾದ ದಾಖಲೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆರೋಪಿಗೆ ಅದರ ಪ್ರತಿ ಕೋರ್ಟಿನಲ್ಲೇ ಸಿಗುತ್ತದೆ.

• ಹೆಸರಿನಿಂದ ಹುಡುಕುವಾಗ ತಾಳ್ಮೆ ಬೇಕು. ಮಂಜುನಾಥ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬ ಗುಮಾಸ್ತ ಕೊನೆಯಲ್ಲಿ 'ಎ' ಹಾಕಿ ಬರೆಯುತ್ತಾನೆ, ಇನ್ನೊಬ್ಬ ಹಾಕದೆ ಬರೆಯುತ್ತಾನೆ, ಮತ್ತೊಬ್ಬ ಬರೀ ಮಂಜ ಎನ್ನುತ್ತಾನೆ. ಇನಿಶಿಯಲ್ ಮುಂದೆಯೂ ಇರಬಹುದು, ಹಿಂದೆಯೂ ಇರಬಹುದು. ಹೆಸರಿನ ಮೊದಲ ನಾಲ್ಕೈದು ಅಕ್ಷರ ಮಾತ್ರ ಕೊಟ್ಟು ನೋಡಿ. ಸಿಕ್ಕಿದ ಮೇಲೂ ತಂದೆಯ ಹೆಸರು, ವಯಸ್ಸು, ಊರು ತಾಳೆ ನೋಡದೆ "ಇವನೇ" ಎಂದು ಹೇಳಬೇಡಿ. ಮದುವೆಯ ಮಾತುಕತೆ ನಡೆಯುವಾಗ ಹುಡುಗನ ಹೆಸರು ಹಾಕಿ ನೋಡುವ ಅಭ್ಯಾಸ ಈಗ ಬಂದಿದೆ. ಒಂದೇ ಹೆಸರಿನ ಬೇರೊಬ್ಬನ ಕೇಸು ಕಂಡು ಸಂಬಂಧ ಮುರಿದರೆ ಆ ಅನ್ಯಾಯವನ್ನು ಸರಿಪಡಿಸುವವರು ಯಾರು? ಕೆಲಸಕ್ಕೆ, ಬಾಡಿಗೆಗೆ ಬರುವವರ ವಿಷಯ ತಿಳಿಯಬೇಕಿದ್ದರೆ ಅವರ ಒಪ್ಪಿಗೆಯಿಂದಲೇ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಪಡೆಯಿರಿ.

• ಜೈಲಿನ ಬಾಗಿಲಲ್ಲಿ ಬರೀ ಹೆಸರಿಗಿಂತ ವಾರಂಟಿನ ವಿವರ ಹೆಚ್ಚು ಕೆಲಸಕ್ಕೆ ಬರುತ್ತದೆ. ಹೊಸಬರು ಒಳಗೆ ಹೋದಾಗ ಹೆಸರು, ತಂದೆಯ ಹೆಸರು, ಕೋರ್ಟು, ಕ್ರೈಂ ನಂಬರ್, ದೇಹದ ಗುರುತು, ಮೈಮೇಲಿದ್ದ ದುಡ್ಡು-ವಸ್ತು ಎಲ್ಲವನ್ನೂ ದಾಖಲಿಸಿಕೊಂಡು ವೈದ್ಯರಿಂದ ಪರೀಕ್ಷೆ ಮಾಡಿಸುತ್ತಾರೆ. ಆತನಿಗೆ ಕೊಟ್ಟ ಕೈದಿ ನಂಬರ್ ಕೇಳಿ ಬರೆದುಕೊಳ್ಳಿ. ವಿಚಾರಣಾಧೀನ ಕೈದಿ ಮತ್ತು ಸಜಾಬಂದಿಯ ಭೇಟಿಯ ನಿಯಮ ಬೇರೆ ಬೇರೆ. ಇ-ಪ್ರಿಸನ್ಸ್ ಪೋರ್ಟಲ್‌ನಲ್ಲಿ ಇ-ಮುಲಾಕತ್ ಎಂಬ ವ್ಯವಸ್ಥೆ ಇದೆ, ಭೇಟಿಗೆ ಅದರಲ್ಲಿ ಹೆಸರು ನೋಂದಾಯಿಸಬಹುದು. ಬೀದರಿನ ತಾಯಿಗೆ ಪರಪ್ಪನ ಅಗ್ರಹಾರ ಹತ್ತಿರವಲ್ಲ, ಬೆಂಗಳೂರಿನವರಿಗೆ ಬೆಳಗಾವಿಯ ಹಿಂಡಲಗಾ ಜೈಲು ಹತ್ತಿರವಲ್ಲ. ಅಂಥವರಿಗೆ ಇದರ ವಿಡಿಯೊ ಭೇಟಿಯನ್ನು ನೀವೇ ಮಾಡಿಕೊಡಿ. ವಕಾಲತ್ತಿಗೆ ಕೈದಿಯ ಸಹಿ ಜೈಲಿನ ಅಧಿಕಾರಿಯ ದೃಢೀಕರಣದೊಂದಿಗೆ ಬರಬೇಕು ಎಂಬುದೂ ತಿಳಿದಿರಲಿ.

• 18 ತುಂಬದ ಮಕ್ಕಳನ್ನು ಈ ಯಾವ ಜಾಗದಲ್ಲೂ ಹುಡುಕಬೇಡಿ. ಅವರನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ, ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅವರ ಹೆಸರು, ಶಾಲೆ, ಫೋಟೊ ಬಯಲು ಮಾಡುವುದು ಅಪರಾಧ. ಹುಡುಗನ ವಯಸ್ಸನ್ನು ತಪ್ಪಾಗಿ ಬರೆದಿದ್ದಾರೆ ಅನಿಸಿದರೆ ಶಾಲೆಯ ದಾಖಲಾತಿ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಹಿಡಿದು ಆ ದಿನವೇ ಓಡಿ.

• ವಕೀಲರಿಗೆ ಕೊಡಲು ದುಡ್ಡಿಲ್ಲವೇ? 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಗೇಟಿನ ಹತ್ತಿರ "ನಾನು ಒಳಗೆ ಮಾತಾಡಿಸ್ತೀನಿ" ಎನ್ನುವವರ ಕೈಗೆ ತಾಳಿ ಅಡವಿಟ್ಟ ದುಡ್ಡು ಕೊಟ್ಟ ಹೆಂಗಸರನ್ನು ಕಂಡಿದ್ದೇನೆ. ಅಂಥವರು ಹೇಳುವ ಮಾಹಿತಿಯೆಲ್ಲ ಮೇಲೆ ಬರೆದ ದಾರಿಗಳಲ್ಲಿ ಪುಕ್ಕಟೆಯಾಗಿಯೋ ಅಲ್ಪ ಶುಲ್ಕಕ್ಕೋ ಸಿಗುವಂಥದ್ದೇ.

• "ನಿಮ್ಮ ಮಗ ಅರೆಸ್ಟ್ ಆಗಿದ್ದಾನೆ, ಕೂಡಲೇ ದುಡ್ಡು ಹಾಕಿ" ಎಂದು ವಿಡಿಯೊ ಕರೆ ಬಂದರೆ ಫೋನ್ ಇಡಿ. ಮೊದಲು ಮಗನಿಗೆ, ಆಮೇಲೆ ಆ ಠಾಣೆಗೆ ನೀವಾಗಿಯೇ ಕರೆ ಮಾಡಿ. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ದುಡ್ಡು ಹೋಗಿದ್ದರೆ 1930ಕ್ಕೆ ತಡಮಾಡದೆ ತಿಳಿಸಿ.

• ಯಾರೂ ಒಪ್ಪಿಕೊಳ್ಳುತ್ತಿಲ್ಲ, 24 ಗಂಟೆಯೂ ಕಳೆಯಿತು ಎಂದಾದರೆ ಇನ್ನು ಕಾಯಬೇಡಿ. ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಇಮೇಲ್ ಕಳಿಸಿ, ಅದರ ಹೊತ್ತೇ ನಿಮಗೆ ಸಾಕ್ಷಿ. ಮಾಹಿತಿ ಹಕ್ಕು ಕಾಯ್ದೆಯ 7ನೇ ಕಲಮಿನಂತೆ, ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ಮಾಹಿತಿಯಾದರೆ 48 ಗಂಟೆಯಲ್ಲಿ ಉತ್ತರ ಕೊಡಬೇಕು. ಅರ್ಜಿಯ ತಲೆಯಲ್ಲೇ ಹಾಗೆಂದು ಬರೆಯಿರಿ. ಅದಕ್ಕೂ ಕಾಯದೆ ವಕೀಲರ ಮೂಲಕ ಹೈಕೋರ್ಟಿನಲ್ಲಿ, ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಧಾರವಾಡ ಮತ್ತು ಕಲಬುರಗಿ ಪೀಠಗಳಿವೆ.

• ಹೊರಗಿರುವ ನಮ್ಮವರಿಗೆ: ಮಹಾರಾಷ್ಟ್ರ ಪೊಲೀಸರ ನಾಗರಿಕ ಪೋರ್ಟಲ್‌ನಲ್ಲಿ ಬಂಧಿತ ಆರೋಪಿಗಳನ್ನು ಹುಡುಕುವ ವಿಭಾಗವೇ ಇದೆ, ಸೊಲ್ಲಾಪುರ-ಮುಂಬೈಗೆ ದುಡಿಯಲು ಹೋದವರ ಮನೆಯವರು ನೆನಪಿಡಿ. ಅಮೆರಿಕದಲ್ಲಾದರೆ ಹೆಚ್ಚಿನ ಕೌಂಟಿಗಳ ಶೆರಿಫ್ ಕಚೇರಿಯ ಜಾಲತಾಣದಲ್ಲಿ ಜೈಲಿಗೆ ಸೇರಿದವರ ಹೆಸರು ಸಿಗುತ್ತದೆ. ವೀಸಾ, ವಲಸೆಯ ತೊಡಕಿನಿಂದ ಹಿಡಿದಿದ್ದರೆ ಅಲ್ಲಿನ ವಲಸೆ ಜಾರಿ ಸಂಸ್ಥೆಯಾದ ಐಸಿಇಯ ಬೇರೆ ಶೋಧಕದಲ್ಲಿ ಎ-ನಂಬರ್ (ವಲಸೆ ಕಡತದ ಸಂಖ್ಯೆ) ಮತ್ತು ಹುಟ್ಟಿದ ದೇಶ ಕೊಟ್ಟು ನೋಡಬೇಕು. ಎಲ್ಲೇ ಆಗಲಿ ಭಾರತದ ದೂತಾವಾಸಕ್ಕೆ ತಿಳಿಸುವಂತೆ ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಲ್ಲಿದೆ. ಕೊಲ್ಲಿ ದೇಶಗಳಲ್ಲಿರುವವರ ಮನೆಯವರು ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ.

• ಸಿಕ್ಕ ಎಫ್‌ಐಆರ್ ಅನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಅದರಲ್ಲಿ ದೂರುದಾರರ ವಿಳಾಸವೂ ಇರುತ್ತದೆ. ಆರೋಪಿಯ ಫೋಟೊ ಹರಡಿದರೆ ಮುಂದೆ ಗುರುತು ಪತ್ತೆ ಪರೇಡ್ ಕೆಡುತ್ತದೆ. ಅವನು ಖುಲಾಸೆಯಾಗಿ ಬಂದ ದಿನ ಆ ಸುದ್ದಿಯನ್ನು ಅದೇ ಗುಂಪಿಗೆ ಹಾಕಲು ಯಾರಿಗೂ ನೆನಪಿರುವುದಿಲ್ಲ.

• ಜಾಮೀನು ಸಿಕ್ಕಿತೆಂದು ಸಿಹಿ ಹಂಚಿ ಮನೆಗೆ ಹೋಗಬೇಡಿ. ಜಾಮೀನುದಾರರ ಪತ್ರ ಒಪ್ಪಿಗೆಯಾಗಿ ಬಿಡುಗಡೆ ಆದೇಶ ಜೈಲಿಗೆ ತಲುಪಿತೇ, ಆತನ ಮೇಲೆ ಬೇರೆ ಕೋರ್ಟಿನ ಬಾಡಿ ವಾರಂಟ್ (ಅಲ್ಲಿಗೆ ಹಾಜರುಪಡಿಸುವ ಆದೇಶ) ಏನಾದರೂ ಇದೆಯೇ ಎಂದು ಸಂಜೆಯೊಳಗೆ ಕೇಳಿ. ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಜೈಲಿನ ಅಧೀಕ್ಷಕರಿಗೆ ಇಮೇಲ್ ಮಾಡಬೇಕು, ಜಾಮೀನಿನ ದಿನಾಂಕವನ್ನು ಇ-ಪ್ರಿಸನ್ಸ್‌ನಲ್ಲಿ ನಮೂದಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಸೂಚಿಸಿದೆ. ಏಳು ದಿನವಾದರೂ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಜಾಮೀನುದಾರರು ಸಿಗದೆ ಒಳಗೇ ಉಳಿದವರಿಗಾಗಿಯೇ ಬಂದ ಸೂಚನೆ ಇದು. ಎಂಟನೆಯ ದಿನ ಆ ಕಾರ್ಯದರ್ಶಿಯ ಕಚೇರಿಗೆ ಕೇಸಿನ ನಂಬರ್ ಹಿಡಿದುಕೊಂಡು ನೀವೇ ಹೋಗಿ ಕೇಳಿ.