ಲಿಂಕ್ ಕೊಡುವ ಮುನ್ನ

ಮಕ್ಕಳೇ, ಭಟ್ಕಳ, ಹೊನ್ನಾವರ, ಕುಮಟಾ ಕಡೆ ಡಿಗ್ರಿ ಮುಗಿಸಿದವರಿಗೆ ಬಹಳ ವರ್ಷ ಕಾಣುತ್ತಿದ್ದದ್ದು ಎರಡೇ ದಾರಿ. ಬೆಂಗಳೂರಿನ ರಾತ್ರಿ ಬಸ್ಸು, ಇಲ್ಲವೇ ದುಬೈ ವಿಮಾನ. ಈಗ ನಿಮ್ಮಲ್ಲಿ ಕೆಲವರು ಮನೆಯಲ್ಲೇ ಕೂತು ಮೂರನೆಯದೊಂದನ್ನು ಹುಡುಕಿಕೊಂಡಿದ್ದೀರಿ. ಬಿಲ್ಲಿಂಗ್ ಸಾಫ್ಟ್‌ವೇರ್, ವೆಬ್ ಹೋಸ್ಟಿಂಗ್, ವಿಡಿಯೊ ಎಡಿಟ್ ಮಾಡುವ ಆ್ಯಪ್, ಇವುಗಳ ಬಗ್ಗೆ ಯೂಟ್ಯೂಬ್‌ನಲ್ಲಿ ವಿಡಿಯೊ ಮಾಡಿ ಕೆಳಗೆ ಲಿಂಕ್ ಹಾಕುವುದು, ಆ ಲಿಂಕ್‌ನಿಂದ ಯಾರಾದರೂ ಕೊಂಡರೆ ಕಮಿಷನ್ ಪಡೆಯುವುದು. ‘ಇದೂ ಒಂದು ಕೆಲಸವೇ?’ ಎಂದು ಮನೆಯ ಹಿರಿಯರು ಮೂಗು ಮುರಿಯುವುದನ್ನು ಕೇಳಿದ್ದೇನೆ. ವಾಣಿಜ್ಯಶಾಸ್ತ್ರ ಕಲಿಸಿಕೊಂಡು ಬಂದ ನಾನು ಅವರ ಮಾತನ್ನು ಒಪ್ಪುವುದಿಲ್ಲ. ಇದು ದಲಾಲಿ. ದಲಾಲಿ ಮರ್ಯಾದೆಯ ಕಸುಬೇ. ಅದರ ನೇಮ ತಿಳಿದು ಮಾಡಿ ಎನ್ನುವುದಷ್ಟೇ ನನ್ನ ಮಾತು.

ಒಂದು ಕಾಲಕ್ಕೆ ಕುಮಟೆಯ ಹೆಸರು ಲಿವರ್‌ಪೂಲ್‌ನ ಹತ್ತಿ ಪೇಟೆಯವರೆಗೂ ಹೋಗಿತ್ತು. ಹತ್ತಿ ಬೆಳೆಯುತ್ತಿದ್ದದ್ದು ಧಾರವಾಡದ ಕಡೆಯ ಕಪ್ಪು ಮಣ್ಣಿನಲ್ಲಿ. ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿದ್ದ ಕಾರಣಕ್ಕೆ ಅದು ‘ಕುಮಟಾ ಹತ್ತಿ’ ಎನಿಸಿಕೊಂಡಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಬೆಲೆಯ ಬೆನ್ನಿಗೇ ಕಲಬೆರಕೆಯೂ ಬಂತು. ಅದನ್ನು ತಡೆಯಲೆಂದೇ ಮುಂಬೈ ಪ್ರಾಂತದಲ್ಲಿ 1863ರಲ್ಲಿ ಒಂದು ಕಾಯ್ದೆ ಮಾಡಬೇಕಾಯಿತು. ಗಮನಿಸಿ, ಪೇಟೆಯಲ್ಲಿ ಓಡಾಡಿದ್ದು ಬೆಳೆದ ಹೊಲದ ಹೆಸರಲ್ಲ, ಸಾಗಿಸಿದ ಊರಿನ ಹೆಸರು. ನಿಮ್ಮ ವಿಷಯವೂ ಹಾಗೆಯೇ. ಸಾಫ್ಟ್‌ವೇರ್ ತಯಾರಾದದ್ದು ಚೆನ್ನೈಯಲ್ಲೋ ಅಮೆರಿಕದಲ್ಲೋ ಇರಬಹುದು. ಅದು ಕೆಟ್ಟರೆ ಮುರ್ಡೇಶ್ವರದ ಅಂಗಡಿಯವ ಬೈಯುವುದು ಕಂಪನಿಯನ್ನಲ್ಲ, ವಿಡಿಯೊದಲ್ಲಿ ಕಂಡ ನಿಮ್ಮನ್ನು.

ಈ ವ್ಯವಹಾರದ ಒಳಗುಟ್ಟು ಮೊದಲು ತಿಳಿದುಕೊಳ್ಳಿ. ಲಿಂಕ್‌ನಲ್ಲಿ ನಿಮ್ಮ ಗುರುತಿನ ಸಂಕೇತ ಇರುತ್ತದೆ. ಒತ್ತಿದವರ ಬ್ರೌಸರ್‌ನಲ್ಲಿ ಕುಕೀ ಎಂಬ ಪುಟ್ಟ ಕಡತ ಕೂರುತ್ತದೆ. ಅಮೆಜಾನ್‌ನಲ್ಲಿ ಅದರ ಆಯುಸ್ಸು ಸಾಮಾನ್ಯವಾಗಿ 24 ಗಂಟೆ. ಸಾಫ್ಟ್‌ವೇರ್ ಕಂಪನಿಗಳು 30, 60, 90 ದಿನ ಇಡುವುದುಂಟು. ನೋಡುಗ ಮೊಬೈಲ್‌ನಲ್ಲಿ ಲಿಂಕ್ ಒತ್ತಿ, ಆಮೇಲೆ ಅಂಗಡಿಯ ಕಂಪ್ಯೂಟರ್‌ನಲ್ಲಿ ಕೊಂಡರೆ ಎಷ್ಟೋ ಸಲ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಹೆಚ್ಚಿನ ಕಡೆ ಕೊನೆಯ ಲಿಂಕ್ ಯಾರದೋ ಕಮಿಷನ್ ಅವರದು. ಪೇಪಾಲ್ ಒಡೆತನದ ‘ಹನಿ’ ಎಂಬ ಕೂಪನ್ ಹುಡುಕುವ ಸಾಧನ, ಹಣ ಕಟ್ಟುವ ಕೊನೆ ಗಳಿಗೆಯಲ್ಲಿ ಯೂಟ್ಯೂಬರ್‌ಗಳ ಗುರುತು ಅಳಿಸಿ ತನ್ನದನ್ನು ಕೂರಿಸುತ್ತಿದೆ ಎಂಬ ಆರೋಪ 2024ರ ಡಿಸೆಂಬರ್‌ನಲ್ಲಿ ದೊಡ್ಡ ಗದ್ದಲವೆಬ್ಬಿಸಿತು, ಕೋರ್ಟಿಗೂ ಹೋಯಿತು. ಇನ್ನು, ಗ್ರಾಹಕ ಹಣ ವಾಪಸ್ ಪಡೆದರೆ ನಿಮ್ಮ ಕಮಿಷನ್ ಕೂಡ ವಾಪಸ್. ಅದಕ್ಕೇ ಕಂಪನಿಗಳು ತಿಂಗಳೋ ಎರಡು ತಿಂಗಳೋ ತಡೆದು ಕೊಡುತ್ತವೆ.

ಲೆಕ್ಕವನ್ನೂ ಹಾಕೋಣ. ವರ್ಷಕ್ಕೆ 3,000 ರೂಪಾಯಿಯ ಸಾಫ್ಟ್‌ವೇರ್, ಶೇ 20 ಕಮಿಷನ್ ಎಂದಿಟ್ಟುಕೊಳ್ಳಿ. ಒಬ್ಬರು ಕೊಂಡರೆ 600 ರೂಪಾಯಿ. ತಿಂಗಳಿಗೆ 12,000 ಬೇಕಾದರೆ ಪ್ರತಿ ತಿಂಗಳೂ ಹೊಸದಾಗಿ 20 ಜನ ಕೊಳ್ಳಬೇಕು. ಬರೀ ಭಟ್ಕಳ ಪೇಟೆ ನಂಬಿಕೊಂಡರೆ ಇದು ಆಗದ ಮಾತು. ಬೀದರಿನಿಂದ ಚಾಮರಾಜನಗರದವರೆಗಿನ ಕನ್ನಡದ ಅಂಗಡಿಯವರೆಲ್ಲ ನಿಮ್ಮ ನೋಡುಗರಾಗಬೇಕು. ಯೂಟ್ಯೂಬ್ ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು (ಶಾರ್ಟ್ಸ್‌ಗೆ ಬೇರೆ ಲೆಕ್ಕ). ಕಮಿಷನ್‌ಗೆ ಆ ಹಂಗಿಲ್ಲ, ಇನ್ನೂರು ಜನ ನೋಡಿದ ವಿಡಿಯೊಗೂ ಹಣ ಬರಬಹುದು. ಆ ಆಸೆಯಲ್ಲಿ ಇರುವ ಕೆಲಸ ಬಿಡಬೇಡಿ. ಒಂದು ವರ್ಷ ಸಂಜೆಯ ಕೆಲಸವಾಗಿ ಮಾಡಿ ನೋಡಿ.

ವಿಡಿಯೊ ಹೇಗಿರಬೇಕು ಎಂದು ಕೇಳುವವರಿಗೆ ಹೊನ್ನಾವರದ ನನ್ನ ಶಿಷ್ಯೆಯೊಬ್ಬಳ ಕೆಲಸ ತೋರಿಸುತ್ತೇನೆ. ಒಂದು ಬಿಲ್ಲಿಂಗ್ ಆ್ಯಪ್ ಬಗ್ಗೆ ಹೇಳುವ ಮೊದಲು ಅವಳು ಅದನ್ನು ಮಾವನ ದಿನಸಿ ಅಂಗಡಿಯ ಗಲ್ಲಾದ ಮೇಲಿಟ್ಟಳು. ‘ಕೊಬ್ಬರಿ’, ‘ಉದ್ದಿನಬೇಳೆ’ ಎಂದು ಕನ್ನಡದಲ್ಲೇ ಟೈಪ್ ಮಾಡಿ 58 ಮಿಲಿಮೀಟರ್‌ನ ಸಣ್ಣ ಥರ್ಮಲ್ ಪ್ರಿಂಟರ್‌ಗೆ ಬಿಲ್ ಕಳಿಸಿದಳು. ಹೊರಬಂದ ಚೀಟಿಯಲ್ಲಿ ಅಂಕಿ ಮಾತ್ರ ಸರಿ, ಕನ್ನಡ ಇರಬೇಕಾದಲ್ಲಿ ಬರೀ ಚೌಕ ಚೌಕ. ಅವಳು ಅದನ್ನು ಕತ್ತರಿಸಿ ಎಸೆಯಲಿಲ್ಲ. ಆ ಚೀಟಿಯನ್ನೇ ಕ್ಯಾಮೆರಾಕ್ಕೆ ಹಿಡಿದು, ಬಿಲ್ಲನ್ನು ಚಿತ್ರವಾಗಿ ಪ್ರಿಂಟ್ ಮಾಡುವ ಸೆಟ್ಟಿಂಗ್ ಎಲ್ಲಿದೆ ಎಂದು ತೋರಿಸಿದಳು. ಆಮೇಲೆ ಡೇಟಾ ಬಂದ್ ಮಾಡಿ ಇಂಟರ್‌ನೆಟ್ ಇಲ್ಲದೆ ಬಿಲ್ ಆಗುತ್ತದೆಯೇ ನೋಡಿದಳು. ಆಷಾಢದ ಮಳೆಯಲ್ಲಿ ಗೇರುಸೊಪ್ಪೆ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದು ಅವಳಿಗೆ ಗೊತ್ತು. ಬೆಂಗಳೂರಿನ ಕಂಪನಿಯ ಜಾಹೀರಾತು ಬರೆಯುವವನಿಗೆ ಗೊತ್ತಿಲ್ಲ. ನಿಮ್ಮ ಬಂಡವಾಳ ಇದೇ. ಕಂಪನಿ ಕಳಿಸಿದ ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತಿರುಗಿಸಿ ಓದುವವರು ಸಾವಿರ ಜನ ಇದ್ದಾರೆ, ಅವರ ಸಾಲಿಗೆ ಸೇರಬೇಡಿ.

ಕಮಿಷನ್ ಬರುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಿ. ಇದು ಬರೀ ನನ್ನ ಬುದ್ಧಿವಾದವಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಸೂಚನೆಯ ಪ್ರಕಾರ, ವಿಡಿಯೊದಲ್ಲಿ ಇಂಥ ಸಂಬಂಧವನ್ನು ವಿಡಿಯೊದ ಒಳಗೇ, ಕಿವಿಗೂ ಕಣ್ಣಿಗೂ ತಾಗುವಂತೆ, ಮಾತಾಡುವ ಭಾಷೆಯಲ್ಲೇ ತಿಳಿಸಬೇಕು. ಕನ್ನಡದಲ್ಲಿ ಮಾತಾಡಿ ಡಿಸ್ಕ್ರಿಪ್ಷನ್‌ನ ತಳದಲ್ಲಿ ಇಂಗ್ಲಿಷ್‌ನಲ್ಲಿ ಒಂದು ಸಾಲು ತುರುಕಿದರೆ ಸಾಲದು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಅದೇ ಕಾಯ್ದೆ, ಹೇಳಿದ್ದು ನಿಜವೇ ಎಂದು ಶ್ರದ್ಧೆಯಿಂದ ಪರೀಕ್ಷಿಸಿದವರಿಗೆ ರಕ್ಷಣೆಯನ್ನೂ ಕೊಟ್ಟಿದೆ. ಆದ್ದರಿಂದ ನೀವು ಬಳಸಿ ನೋಡಿದ ದಿನಾಂಕ, ತೆಗೆದ ಸ್ಕ್ರೀನ್‌ಶಾಟ್, ಕಟ್ಟಿದ ಹಣದ ರಸೀದಿ ಎಲ್ಲ ಎತ್ತಿಡಿ.

ಬೆಲೆ ಹೇಳುವಾಗ ಮೊದಲ ವರ್ಷದ್ದನ್ನಷ್ಟೇ ಹೇಳಬೇಡಿ. ಹೋಸ್ಟಿಂಗ್‌ನವರು ಮೊದಲ ಅವಧಿಗೆ ಅಗ್ಗದ ದರ ತೋರಿಸಿ ನವೀಕರಣಕ್ಕೆ ಅದರ ಎರಡು ಮೂರು ಪಟ್ಟು ಹಾಕುವುದು ಮಾಮೂಲು. ಆ ದರದ ಪುಟವನ್ನು ತೆರೆದು ತೋರಿಸಿ, ಆಟೊ ಪೇ ನಿಲ್ಲಿಸುವುದು ಎಲ್ಲಿ ಎಂದೂ ತೋರಿಸಿ. ಕಂಪನಿಗೆ ಬೇಸರವಾದರೆ ಆಗಲಿ. ಕಳ್ಳ ಸಾಫ್ಟ್‌ವೇರಿನ ಲಿಂಕ್ ಕಡೆ ತಿರುಗಿಯೂ ನೋಡಬೇಡಿ, ಎಷ್ಟೋ ಸಲ ಅದರೊಳಗೆ ಪಾಸ್‌ವರ್ಡ್ ಕದಿಯುವ ವೈರಸ್ ಇರುತ್ತದೆ. ಹಣ ಕಟ್ಟಿ ಆಡುವ ಆಟದ ಆ್ಯಪ್‌ಗಳು ಇವೆಲ್ಲಕ್ಕಿಂತ ಹೆಚ್ಚು ಕಮಿಷನ್ ಕೊಡುತ್ತೇವೆಂದು ಬರುತ್ತವೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಅಂಥವುಗಳ ಜಾಹೀರಾತು ಮಾಡಿದರೂ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ಕಾಯ್ದೆ ಇಲ್ಲದಿದ್ದರೂ ನೆರೆಮನೆಯ ಹುಡುಗನನ್ನು ಜೂಜಿಗೆ ಕರೆದು ಬಂದ ಹಣ ಮನೆಯೊಳಗೆ ತರುವಂಥದ್ದಲ್ಲ.

ಬಂದ ಹಣಕ್ಕೆ ಮೊದಲ ದಿನದಿಂದಲೇ ಪುಸ್ತಕ ಇಡಿ. ಡಾಲರ್‌ನಲ್ಲಿ ಬಂದದ್ದೂ ಆದಾಯವೇ, ರಿಟರ್ನ್‌ನಲ್ಲಿ ತೋರಿಸಬೇಕು. ಇಲ್ಲಿಯ ಕಂಪನಿ ಟಿಡಿಎಸ್ ಮುರಿದುಕೊಂಡು ಕೊಟ್ಟಿದ್ದರೆ, ತೆರಿಗೆ ಮಿತಿಯೊಳಗಿರುವವರು ರಿಟರ್ನ್ ಸಲ್ಲಿಸಿದರೆ ಮಾತ್ರ ಅದು ಮರಳಿ ಸಿಗುತ್ತದೆ. ವರ್ಷದ ವಹಿವಾಟು 20 ಲಕ್ಷ ದಾಟುವ ಲಕ್ಷಣ ಕಂಡರೆ ಜಿಎಸ್‌ಟಿ ಬಗ್ಗೆ ಲೆಕ್ಕ ಪರಿಶೋಧಕರನ್ನು ಕಾಣಿ.

ಕೊನೆಯದಾಗಿ ಒಂದು ಮಾತು. ಹೀಗೆ ಲಿಂಕ್‌ಗೆ ಕಮಿಷನ್ ಕೊಡುವ ನಿಜವಾದ ‘ಅಫಿಲಿಯೇಟ್’ ಕಾರ್ಯಕ್ರಮಕ್ಕೆ ಸೇರಲು ಸಾಮಾನ್ಯವಾಗಿ ಒಂದು ಪೈಸೆಯೂ ಕೊಡಬೇಕಿಲ್ಲ. ಮೊದಲು ಹತ್ತು ಸಾವಿರದ ಕೋರ್ಸ್ ಕೊಳ್ಳಿ, ಆಮೇಲೆ ಇನ್ನೊಬ್ಬರನ್ನು ಸೇರಿಸಿದರೆ ಕಮಿಷನ್ ಎನ್ನುವುದು ಸಾಫ್ಟ್‌ವೇರ್ ಮಾರಾಟವಲ್ಲ, ಚೈನ್ ಲಿಂಕ್. ಟೆಲಿಗ್ರಾಂನಲ್ಲಿ ವಿಡಿಯೊ ಲೈಕ್ ಮಾಡಿಸಿ, ಮೊದಲು ನಿಮ್ಮ ಖಾತೆಗೆ ನೂರಿನ್ನೂರು ಹಾಕಿ, ಆಮೇಲೆ ಡಿಪಾಸಿಟ್ ಕೇಳುವುದು ಶುದ್ಧ ಮೋಸ. ಯಾರಾದರೂ ಇದರಲ್ಲಿ ಸಿಕ್ಕಿಕೊಂಡಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡಮಾಡಿದಷ್ಟೂ ಅದು ಕೈಗೆ ಸಿಗುವುದು ಕಷ್ಟ. ಮನೆಯಲ್ಲಿ ಅಪ್ಪ ಅಮ್ಮನಿಗೂ ಅವತ್ತೇ ಹೇಳಿ.