ಸಮುದ್ರತೀರದ ಒಂದು ದಿನಕ್ಕೆ ಹಗುರವಾದ ಬುತ್ತಿ

ಮಳೆಗಾಲದ ಆರ್ಭಟವಡಗಿ ಕಡಲು ಶಾಂತವಾಗುವ ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳಲ್ಲಿ, ಕಾರವಾರದಿಂದ ಉಳ್ಳಾಲದವರೆಗೆ ಹಬ್ಬಿರುವ ನಮ್ಮ ಸಮುದ್ರತೀರವನ್ನು ಅರಸಿಕೊಂಡು ಮಲೆನಾಡಿನಿಂದಲೂ ಬಯಲುಸೀಮೆಯಿಂದಲೂ ಸಂಸಾರಸಮೇತರಾಗಿ ಘಟ್ಟವಿಳಿದು ಬರುವವರು ಬಹುಮಂದಿ. ಉಡುಪು, ಛತ್ರಿ, ಮಕ್ಕಳ ಆಟದ ಸಾಮಾನು ಮೊದಲಾದವುಗಳ ವಿಷಯದಲ್ಲಿ ಇವರು ವಹಿಸುವ ಮುಂದಾಲೋಚನೆಯನ್ನು ಆಹಾರದ ವಿಷಯದಲ್ಲಿ ವಹಿಸುವುದು ಅಪರೂಪ. ಒಂದೋ, ಮದುವೆಮನೆಗೆ ಸಾಲುವಷ್ಟು ಚಿತ್ರಾನ್ನ, ಪೂರಿ, ಪಲ್ಯಗಳನ್ನು ಹೊತ್ತು ತರುತ್ತಾರೆ. ಇಲ್ಲವೇ ಬರಿಗೈಯಲ್ಲಿ ಬಂದು, ದಿನವೆಲ್ಲ ಕರಿದ ಬಜ್ಜಿ ಮತ್ತು ಬಣ್ಣದ ಪಾನೀಯಗಳಿಂದಲೇ ಹೊಟ್ಟೆ ತುಂಬಿಸಿಕೊಂಡು, ಸಂಜೆಗೆ ಬಾಯಾರಿ ಬಸವಳಿದು ಹಿಂದಿರುಗುತ್ತಾರೆ. ಕಡಲ ತೀರಕ್ಕೆ ಒಯ್ಯುವ ಆಹಾರವು ಆರೋಗ್ಯಕರವೆನಿಸಬೇಕಾದರೆ ಅದರಲ್ಲಿ ಎಣ್ಣೆ ಕಡಿಮೆಯಿದ್ದರೆ ಸಾಲದು. ಬೆಳಗಿನ ಆರು ಗಂಟೆಗೆ ಸಿದ್ಧವಾದ ಪದಾರ್ಥವು ಮಧ್ಯಾಹ್ನ ಒಂದು ಗಂಟೆಗೆ, ಕಾದ ಮರಳಿನ ನಡುವೆ, ಕೆಡದೆ ಉಳಿದಿರಬೇಕು. ಬುತ್ತಿ ಕಟ್ಟುವವರು ಪ್ರತಿಯೊಂದು ಪದಾರ್ಥವನ್ನೂ ಮೊದಲು ಈ ಪರೀಕ್ಷೆಗೆ ಒಡ್ಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಬೇಯಿಸಿದ ಆಹಾರದಲ್ಲಿ ರೋಗಾಣುಗಳು ಶೀಘ್ರವಾಗಿ ವೃದ್ಧಿಯಾಗುವುದು ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ನಡುವೆ. ಬೇಗ ಕೆಡುವ ಪದಾರ್ಥಗಳನ್ನು ತಂಪಿಲ್ಲದೆ ಎರಡು ಗಂಟೆಗಿಂತ ಹೆಚ್ಚು ಕಾಲ, ಉಷ್ಣಾಂಶವು 32 ಡಿಗ್ರಿಯನ್ನು ಮೀರಿದ್ದರೆ ಒಂದು ಗಂಟೆಗಿಂತ ಹೆಚ್ಚು ಕಾಲ, ಹೊರಗಿಡಬಾರದೆಂಬುದು ಆಹಾರಸುರಕ್ಷತೆಯ ಸಾಮಾನ್ಯ ನಿಯಮ. ಕರಾವಳಿಯಲ್ಲಾದರೋ ಚಳಿಗಾಲದ ಮಧ್ಯಾಹ್ನವೂ 30 ಡಿಗ್ರಿಯನ್ನು ದಾಟುವುದು ಸಾಮಾನ್ಯವಾದುದರಿಂದ, ಈ ನಿಯಮವನ್ನು ಮರೆತು ಕಟ್ಟಿದ ಬುತ್ತಿಯು ಎಷ್ಟೇ ರುಚಿಕರವಾಗಿದ್ದರೂ ಹಿತಕರವಾಗಲಾರದು.

ಮೊದಲು ಸ್ಥಳದ ವಿಚಾರ

ಯಾವ ತೀರಕ್ಕೆ ಹೋಗುವುದೆಂಬುದು ನಿಶ್ಚಯವಾದ ಮೇಲೆಯೇ ಅಡುಗೆಯ ಯೋಚನೆಗೆ ಕೈಹಾಕಬೇಕು. ಮಲ್ಪೆಯಂತಹ ಕಡೆ ವಾಹನವು ಮರಳಿನ ಅಂಚಿನವರೆಗೂ ಬರುತ್ತದೆ, ಅಂಗಡಿಗಳೂ ಹತ್ತಿರದಲ್ಲಿವೆ. ಅಲ್ಲಿಗೆ ಭಾರದ ಚಿಂತೆ ಅಷ್ಟಾಗಿ ಬೇಕಿಲ್ಲ. ಗೋಕರ್ಣದ ಮಾತು ಬೇರೆ. ಊರಿನಿಂದ ದಕ್ಷಿಣಕ್ಕೆ ಕುಡ್ಲೆ, ಅಲ್ಲಿಂದ ಓಂ, ಆಚೆಗೆ ಹಾಫ್ ಮೂನ್, ಕೊನೆಯಲ್ಲಿ ಪ್ಯಾರಡೈಸ್ ಎಂದು ಒಂದರ ಮುಂದೊಂದರಂತೆ ಇರುವ ಈ ತೀರಗಳ ಪೈಕಿ ಕೊನೆಯ ಎರಡಕ್ಕೆ ಕಲ್ಲುಗುಡ್ಡದ ಕಾಲುದಾರಿಯಲ್ಲಿ ನಡೆದೋ ದೋಣಿಯಲ್ಲಿ ಕುಳಿತೋ ಹೋಗಬೇಕಲ್ಲದೆ ರಸ್ತೆಯಿಲ್ಲ. ಅಂತಹ ದಾರಿಯಲ್ಲಿ ಚೀಲದ ಒಂದೊಂದು ಪಾವು ಭಾರವೂ ಹೆಗಲಿಗೆ ತಿಳಿಯುತ್ತದೆ. ಈ ಲೇಖನದಲ್ಲಿ ನಾನು ಮನಸ್ಸಿನಲ್ಲಿಟ್ಟುಕೊಂಡಿರುವುದು ನಾಲ್ವರ ಒಂದು ಸಂಸಾರ ಹೀಗೆ ನಡೆದು ಹೋಗುವ ದಿನವನ್ನು.

ಬುತ್ತಿಯಲ್ಲಿ ಎಲ್ಲಕ್ಕಿಂತ ಭಾರವಾದುದು ನೀರು. ಕಡಿಮೆ ಮಾಡಲಾಗದುದೂ ಅದೇ. ಒಬ್ಬೊಬ್ಬರಿಗೆ ಎರಡು ಲೀಟರಿನಂತೆ ಲೆಕ್ಕ ಹಾಕಿದರೆ ನಾಲ್ವರಿಗೆ ಎಂಟು ಕಿಲೋ ಆಯಿತು. ಆದಕಾರಣ ಭಾರವನ್ನು ಇಳಿಸುವುದಾದರೆ ಅನ್ನದ ಡಬ್ಬಿಗಳಲ್ಲಿ ಇಳಿಸಬೇಕಲ್ಲದೆ ನೀರಿನ ಬಾಟಲಿಗಳಲ್ಲಿ ಅಲ್ಲ.

ಹಿಂದಿನ ಸಂಜೆಯ ಕೆಲಸ

ಸಂಜೆಗೇ ಆರಂಭಿಸಿದವರಿಗೆ ಬೆಳಗಿನ ಗಡಿಬಿಡಿ ಇಲ್ಲ. ಮೊದಲು ಎರಡು ಬಾಟಲಿ ನೀರನ್ನು ಫ್ರಿಜ್ಜಿನ ಹಿಮಪೆಟ್ಟಿಗೆಯಲ್ಲಿ ಇಡಬೇಕು. ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುವುದರಿಂದ ಬಾಟಲಿಯ ಕುತ್ತಿಗೆಯವರೆಗೆ ತುಂಬದೆ ನಾಲ್ಕು ಬೆರಳು ಬಿಡುವುದು ಅಗತ್ಯ. ಈ ಎರಡು ಬಾಟಲಿಗಳು ಬೆಳಗ್ಗೆ ಚೀಲವನ್ನು ತಂಪಾಗಿಟ್ಟು, ಮಧ್ಯಾಹ್ನದ ಹೊತ್ತಿಗೆ ಕರಗಿ ಕುಡಿಯುವ ನೀರೇ ಆಗುವುವು. ಬೇರೆ ಮಂಜುಗಡ್ಡೆಯ ಭಾರವನ್ನು ಹೊರಬೇಕಾಗಿಲ್ಲ.

ಎರಡನೆಯದು ಮುರುಗಲಿನ ಪಾನಕ. ದಕ್ಷಿಣ ಕನ್ನಡದವರು ಪುನರ್ಪುಳಿಯೆಂದು ಕರೆಯುವ ಈ ಹಣ್ಣಿನ ಒಣಸಿಪ್ಪೆ ವರ್ಷವಿಡೀ ಅಂಗಡಿಯಲ್ಲಿ ದೊರೆಯುತ್ತದೆ. ಒಂದು ಹಿಡಿ ಸಿಪ್ಪೆಯನ್ನು ತೊಳೆದು, ಕಾಯಿಸಿ ಆರಿಸಿದ ಎರಡು ಲೋಟ ನೀರಿನಲ್ಲಿ ರಾತ್ರಿ ನೆನೆಹಾಕಿದರೆ ಬೆಳಗಿಗೆ ಗಾಢವಾದ ಕೆಂಪು ರಸವು ಇಳಿದಿರುತ್ತದೆ. ಅದಕ್ಕೆ ಸ್ವಲ್ಪ ಬೆಲ್ಲ, ಒಂದು ಚಿಟಿಕೆ ಉಪ್ಪು, ಹುರಿದು ಪುಡಿಮಾಡಿದ ಜೀರಿಗೆ ಸೇರಿಸಿ ಸೋಸಿ ಒಂದು ಸಣ್ಣ ಬಾಟಲಿಗೆ ತುಂಬಿಕೊಂಡು, ತೀರದಲ್ಲಿ ಬೇಕಾದಂತೆ ನೀರು ಬೆರೆಸಿ ಕುಡಿಯಬಹುದು. ಹುಳಿಯ ಪದಾರ್ಥವಾದುದರಿಂದ ಇದನ್ನು ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ನೆನೆಸಬೇಕಲ್ಲದೆ ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆಗಳಲ್ಲಿ ನೆನೆಸಬಾರದು. ಬೆವರಿನೊಡನೆ ದೇಹದಿಂದ ಹೊರಟುಹೋಗುವ ಉಪ್ಪನ್ನು ಹಿತವಾದ ರೀತಿಯಲ್ಲಿ ಹಿಂದಕ್ಕೆ ಕೊಡುವ ಇಂತಹ ಪಾನೀಯವು ಕೈಯಳತೆಯಲ್ಲೇ ಇರುವಾಗ, ಸಕ್ಕರೆಯೂ ಕೃತಕ ಬಣ್ಣವೂ ತುಂಬಿದ ಬಾಟಲಿಗಳನ್ನು ಮಕ್ಕಳ ಕೈಗೆ ಕೊಡುವುದು ನನಗೆ ವ್ಯಥೆಯ ಸಂಗತಿಯಾಗಿ ತೋರುತ್ತದೆ.

ಮೂರನೆಯದು ಮುಖ್ಯ ಆಹಾರದ ಸಿದ್ಧತೆ. ಇಲ್ಲಿ ಕರಾವಳಿಯ ಮನೆಗಳು ತಲೆತಲಾಂತರದಿಂದ ಮಾಡಿಕೊಂಡು ಬಂದಿರುವ ಕೊಟ್ಟೆ ಕಡುಬಿಗಿಂತ ಉತ್ತಮವಾದುದನ್ನು ನಾನು ಕಾಣೆ. ಎಣ್ಣೆಯಿಲ್ಲ, ಹಬೆಯಲ್ಲಿ ಬೆಂದದ್ದು, ಅಕ್ಕಿ ಉದ್ದುಗಳ ಸಂಯೋಗದಿಂದ ಹಿಟ್ಟಿನಂಶವೂ ಸಸಾರಜನಕವೂ ಒಟ್ಟಿಗೆ ದೊರೆಯುವುವು, ಬೇಯುವ ಎಲೆಯೇ ಡಬ್ಬಿಯಾಗಿ, ತಟ್ಟೆಯಾಗಿ, ತಿಂದಾದ ಮೇಲೆ ಗೊಬ್ಬರವಾಗಿ ಒದಗುತ್ತದೆ. ಒಂದು ಅಳತೆ ಉದ್ದಿನಬೇಳೆಯನ್ನು ನೆನೆಸಿ ನುಣ್ಣಗೆ ರುಬ್ಬಿ, ಅದಕ್ಕೆ ತೊಳೆದು ಹಿಂಡಿದ ಎರಡು ಅಳತೆ ಅಕ್ಕಿರವೆಯನ್ನೂ ಉಪ್ಪನ್ನೂ ಕಲಸಿ ರಾತ್ರಿಯೆಲ್ಲ ಹುದುಗಲು ಬಿಡಬೇಕು. ಅಷ್ಟರಲ್ಲಿ, ಅಗಲವಾದ ನಾಲ್ಕು ಹಲಸಿನೆಲೆಗಳನ್ನು ತೊಳೆದು ಒರಸಿ, ತುದಿಗಳು ನಡುವಿನಲ್ಲಿ ಒಂದರ ಮೇಲೊಂದು ಬರುವಂತೆ ಅಡ್ಡಡ್ಡಲಾಗಿ ಜೋಡಿಸಿ ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ, ಬಳಿಕ ಪಕ್ಕದ ಎಲೆಗಳನ್ನು ಮೇಲಕ್ಕೆತ್ತಿ ಒಂದಕ್ಕೊಂದು ಸೇರಿಸಿ ಕಡ್ಡಿ ಸಿಕ್ಕಿಸಿದರೆ ಕೊಟ್ಟೆ ಸಿದ್ಧವಾಯಿತು. ಮೊದಲೆರಡು ವಕ್ರವಾದರೂ ಚಿಂತೆಯಿಲ್ಲ. ಹಿಟ್ಟು ಸೋರದಿದ್ದರೆ ಸಾಕು. ಮುಂಡುಗದ ಓಲೆಯನ್ನು ಸುತ್ತಿ ಮಾಡುವ ಮೂಡೆ ಬಲ್ಲವರಿಗೆ ಅದೂ ಆಗಬಹುದು. ಎಲೆ ಸಿಕ್ಕದ ಪಟ್ಟಣವಾಸಿಗಳು ಅದೇ ಹಿಟ್ಟನ್ನು ಸಣ್ಣ ಲೋಟಗಳಲ್ಲಿ ಬೇಯಿಸಿಕೊಳ್ಳಬಹುದು. ಹಲಸಿನೆಲೆಯ ಪರಿಮಳವೊಂದು ಮಾತ್ರ ಇರುವುದಿಲ್ಲ.

ಮಲಗುವ ಮುನ್ನ ಎರಡು ಹಿಡಿ ಕಡಲೆಯನ್ನು ನೆನೆಹಾಕಿ, ಚಟ್ನಿಪುಡಿಯ ಡಬ್ಬಿ ತುಂಬಿದೆಯೇ ಎಂದು ನೋಡಿಕೊಂಡರೆ ರಾತ್ರಿಯ ಕೆಲಸ ಮುಗಿಯಿತು.

ಬೆಳಗಿನ ಜಾವ

ಕೊಟ್ಟೆಗಳಲ್ಲಿ ಮುಕ್ಕಾಲು ಭಾಗ ಹಿಟ್ಟು ಹೊಯ್ದು, ಅರ್ಧದಿಂದ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ, ಹೊರತೆಗೆದು ಗಾಳಿಯಾಡುವಂತೆ ಹರಡಿ ಆರಿಸಬೇಕು. ಬಿಸಿಯಾಗಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಹಬೆಯು ಮುಚ್ಚಳಕ್ಕೆ ತಾಗಿ ನೀರಾಗಿ ಇಳಿದು ಕಡುಬನ್ನು ಬೇಗ ಹಳಸುವಂತೆ ಮಾಡುತ್ತದೆ; ಬುತ್ತಿ ಕೆಡುವುದಕ್ಕೆ ಈ ಒಂದು ಅವಸರವೇ ಅನೇಕ ವೇಳೆ ಕಾರಣ. ಆರಿದ ಕೂಡಲೆ, ಎಲೆಯನ್ನು ಬಿಚ್ಚದೆ, ತಂಪಿನ ಚೀಲಕ್ಕೆ ಸೇರಿಸಬೇಕು. ಜೊತೆಗೆ ತೆಂಗಿನಕಾಯಿಯ ಚಟ್ನಿಯನ್ನು ಕಟ್ಟುವ ಆಸೆ ಎಲ್ಲರಿಗೂ ಆಗುವುದು ಸಹಜ. ಆದರೆ ಹಸಿ ತೆಂಗಿನ ತುರಿಯಷ್ಟು ಬೇಗ ಕೆಡುವ ಪದಾರ್ಥ ನಮ್ಮ ಅಡುಗೆಮನೆಯಲ್ಲಿ ಕಡಿಮೆ. ಅದರ ಬದಲು ಚಟ್ನಿಪುಡಿಯನ್ನೋ, ಎರಡು ಮಾವಿನಮಿಡಿಯನ್ನೋ ಒಯ್ಯುವುದು ಲೇಸು.

ನೆನೆದ ಕಡಲೆಯನ್ನು ಉಪ್ಪು ಹಾಕಿ ಬೇಯಿಸಿ, ನೀರನ್ನು ಪೂರ್ತಿಯಾಗಿ ಬಸಿದು, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು ಆರಿಸಿದರೆ ಮಕ್ಕಳು ಕೈಯಲ್ಲಿ ಹಿಡಿದುಕೊಂಡೇ ತಿನ್ನಬಹುದಾದ ಉಸಲಿ ಆಗುತ್ತದೆ.

ಕೋಸಂಬರಿಯನ್ನು ಮನೆಯಲ್ಲಿಯೇ ಕಲಸಿಕೊಂಡು ಹೋಗುವವರು, ಅದು ತೀರದಲ್ಲಿ ನೀರು ನೀರಾಗಿರುವುದನ್ನು ಕಂಡು ನಿರಾಶರಾಗುತ್ತಾರೆ. ಉಪ್ಪು ಸೌತೆಕಾಯಿಯ ಒಳಗಿನ ನೀರನ್ನು ಹೊರಗೆಳೆಯುವುದೇ ಇದಕ್ಕೆ ಕಾರಣ. ಆದುದರಿಂದ ಒಂದು ಗಂಟೆ ನೆನೆದ ಹೆಸರುಬೇಳೆಯನ್ನು ಚೆನ್ನಾಗಿ ಬಸಿದು, ಒಗ್ಗರಣೆ ಹಾಕಿ, ಒಂದು ಡಬ್ಬಿಯಲ್ಲಿ ತಂಪಾಗಿಟ್ಟುಕೊಳ್ಳಬೇಕು; ಮುಳ್ಳುಸೌತೆಯನ್ನು ತೊಳೆದು ಹೆಚ್ಚದೆ ಇಡಿಯಾಗಿಯೇ ಒಯ್ಯಬೇಕು; ಉಪ್ಪನ್ನು ಕಾಗದದ ಪೊಟ್ಟಣದಲ್ಲಿಯೂ ನಿಂಬೆಹಣ್ಣನ್ನು ಇಡಿಯಾಗಿಯೂ ಇಟ್ಟುಕೊಳ್ಳಬೇಕು. ಊಟಕ್ಕೆ ಕುಳಿತ ಮೇಲೆ ಸಣ್ಣ ಚಾಕುವಿನಿಂದ ಸೌತೆಯನ್ನು ನೇರವಾಗಿ ಡಬ್ಬಿಯೊಳಕ್ಕೇ ಕೊಚ್ಚಿ, ನಿಂಬೆ ಹಿಂಡಿ, ಉಪ್ಪು ಉದುರಿಸಿ ಎರಡು ಸಲ ಕುಲುಕಿದರೆ, ಬೇಳೆ ಹಲ್ಲಿಗೆ ಕಟುಕ್ಕೆನ್ನುವ, ಸೌತೆ ಇನ್ನೂ ತಂಪಾಗಿರುವ ಕೋಸಂಬರಿ ದೊರೆಯುತ್ತದೆ. ಸೌತೆಕಾಯಿಯಲ್ಲಿ ನೂರಕ್ಕೆ ತೊಂಬತ್ತೈದರಷ್ಟು ನೀರೇ ಇರುವುದರಿಂದ ಇದು ಊಟವೂ ಹೌದು, ಬಾಯಾರಿಕೆಗೆ ಉಪಶಮನವೂ ಹೌದು.

ಮೊಸರನ್ನವಿಲ್ಲದೆ ತೃಪ್ತಿಯಿಲ್ಲವೆನ್ನುವವರು ಅದನ್ನು ಬೆಳಗ್ಗೆ ಮಾಡಿದ ಅನ್ನದಿಂದಲೇ ಕಲಸಬೇಕು. ರಾತ್ರಿಯೆಲ್ಲ ಹೊರಗಿದ್ದ ಅನ್ನ ಸಲ್ಲದು. ಅಕ್ಕಿಯಲ್ಲಿರುವ ಒಂದು ಬಗೆಯ ರೋಗಾಣುಗಳ ಬೀಜಕಗಳು ಕುದಿಯಲ್ಲಿಯೂ ಸಾಯದೆ ಉಳಿದು, ಅನ್ನವು ಬೆಚ್ಚಗೆ ಬಿದ್ದಿರುವಷ್ಟು ಕಾಲವೂ ವೃದ್ಧಿಯಾಗಿ ವಿಷವನ್ನುಂಟುಮಾಡಬಲ್ಲವು. ಮೀನು, ಕೋಳಿ ಉಣ್ಣುವವರಿಗೂ ಒಂದು ಮಾತು: ಅವುಗಳನ್ನು ಬುತ್ತಿಯಲ್ಲಿ ಒಯ್ಯದೆ, ಬೇಕೆನಿಸಿದರೆ ಊರಿನ ಖಾನಾವಳಿಯಲ್ಲಿ ಬಿಸಿಬಿಸಿಯಾಗಿ ಉಣ್ಣುವುದೇ ಕ್ಷೇಮ.

ಹಣ್ಣುಗಳಲ್ಲಿ ಕಿತ್ತಳೆ, ಮೂಸಂಬಿ, ಸೀಬೆ ಉತ್ತಮ. ಏಲಕ್ಕಿಬಾಳೆ ಚೀಲದಲ್ಲಿ ನಜ್ಜುಗುಜ್ಜಾಗುವುದು, ನೇಂದ್ರಬಾಳೆ ತಾಳಿಕೊಳ್ಳುತ್ತದೆ. ತುರ್ತಿಗೆಂದು ಒಗ್ಗರಿಸಿದ ಒಣ ಅವಲಕ್ಕಿ, ಹುರಿದ ಶೇಂಗಾ, ಒಂದೆರಡು ತುಂಡು ಬೆಲ್ಲ ಇವು ಪ್ರತ್ಯೇಕ ಡಬ್ಬಿಯಲ್ಲಿರಲಿ. ಭಾರವಿಲ್ಲದ, ಬಿಸಿಲಿಗೂ ಜಗ್ಗದ ಪದಾರ್ಥಗಳಿವು.

ಚೀಲವನ್ನು ತುಂಬುವ ಕ್ರಮ

ತಣ್ಣನೆಯ ಗಾಳಿ ಕೆಳಕ್ಕಿಳಿಯುವ ಸ್ವಭಾವದ್ದು. ಆದ್ದರಿಂದ ಹೆಪ್ಪುಗಟ್ಟಿದ ಬಾಟಲಿಗಳಲ್ಲಿ ಒಂದನ್ನು ಪಕ್ಕದಲ್ಲಿಯೂ ಇನ್ನೊಂದನ್ನು ಎಲ್ಲಕ್ಕಿಂತ ಮೇಲೆಯೂ ಇಡಬೇಕು. ಮೊಸರನ್ನ, ಹೆಸರುಬೇಳೆ, ಕಡುಬು ಇವು ಅವುಗಳಿಗೆ ತಾಗಿಕೊಂಡಿರಲಿ. ಮನೆಯಲ್ಲಿ ತಂಪಿನ ಚೀಲವಿಲ್ಲದಿದ್ದರೆ ದಪ್ಪನೆಯ ಹತ್ತಿಯ ಟವಲನ್ನು ಎರಡು ಸುತ್ತು ಸುತ್ತಿ ಬಟ್ಟೆಯ ಚೀಲದಲ್ಲಿಟ್ಟರೂ ಕೆಲವು ಗಂಟೆ ತಂಪು ನಿಲ್ಲುತ್ತದೆ. ಒದ್ದೆ ಬಟ್ಟೆ ಸುತ್ತಿ ತಂಪಾಗಿಡುವ ಬಯಲುಸೀಮೆಯ ಉಪಾಯವನ್ನು ಮಾತ್ರ ಇಲ್ಲಿ ನೆಚ್ಚಬಾರದು. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವಾಂಶ ಹೆಚ್ಚಾಗಿರುವುದರಿಂದ ನೀರು ಬೇಗ ಆವಿಯಾಗದು, ಆವಿಯಾಗದ ಮೇಲೆ ತಂಪೂ ಆಗದು. ಬಾಗಿಲು ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬುತ್ತಿಯನ್ನು ಬಿಟ್ಟು ಹೋಗುವುದಂತೂ ಸರ್ವಥಾ ಕೂಡದು.

ತೀರದಲ್ಲಿ

ಮರಳನ್ನು ಮುಟ್ಟಿದ ಕೂಡಲೆ ನೆರಳನ್ನು ಹುಡುಕಿ ಚೀಲವನ್ನು ಅಲ್ಲಿ ಇರಿಸಬೇಕು. ಗಾಳಿಮರದ ತೋಪು, ಹೊನ್ನೆಯ ಮರ ಒಳ್ಳೆಯವು. ಕಾಯಿ ಬಿಟ್ಟ ತೆಂಗಿನ ಮರದ ಬುಡದಲ್ಲಿ ಮಾತ್ರ ಯಾರೂ ಕೂರಬಾರದು, ಮಕ್ಕಳನ್ನೂ ಮಲಗಿಸಬಾರದು. ಹಗಲಿನಲ್ಲಿ ನೆಲವು ಕಡಲಿಗಿಂತ ಬೇಗ ಕಾಯುವುದರಿಂದ ಗಾಳಿಯು ಸಮುದ್ರದಿಂದ ನೆಲದ ಕಡೆಗೆ ಬೀಸತೊಡಗಿ, ಮಧ್ಯಾಹ್ನದ ಹೊತ್ತಿಗೆ ಬಲಗೊಂಡು ಮರಳನ್ನು ಹೊತ್ತು ತರುತ್ತದೆ. ಊಟದ ವೇಳೆ ಹಿರಿಯರು ಸಮುದ್ರಕ್ಕೆ ಬೆನ್ನು ಕೊಟ್ಟು ಸಾಲಾಗಿ ಕುಳಿತು, ಡಬ್ಬಿಗಳನ್ನು ತಮ್ಮ ಮುಂದಿನ ಮರೆಯಲ್ಲಿಟ್ಟುಕೊಂಡು, ಒಂದು ಸಲಕ್ಕೆ ಒಂದೇ ಡಬ್ಬಿಯನ್ನು ತೆರೆದರೆ ಅನ್ನದಲ್ಲಿ ಮರಳು ಸಿಕ್ಕುವ ಕಷ್ಟ ತಪ್ಪುತ್ತದೆ. ನೀರಿನಲ್ಲಿ ಆಡುತ್ತಿರುವ ಮಕ್ಕಳನ್ನು ಆ ಹೊತ್ತಿನಲ್ಲಿ ಈಚೆಗೆ ಕರೆಸಿ ಜೊತೆಯಲ್ಲಿಯೇ ಕೂರಿಸಿಕೊಳ್ಳಬೇಕು. ಕಡಲಿಗೆ ಬೆನ್ನು ಮಾಡಿದವರು ಯಾರೂ ಮಕ್ಕಳನ್ನು ಅದರ ವಶಕ್ಕೆ ಬಿಟ್ಟಿರಬಾರದು. ಕೈ ತೊಳೆಯಲು ಸಿಹಿನೀರಿನ ಒಂದು ಸಣ್ಣ ಬಾಟಲಿಯನ್ನು ಬೇರೆಯಾಗಿಯೇ ಇಟ್ಟುಕೊಂಡಿರಬೇಕು. ಕಾಗೆ, ಗರುಡ, ಬೀದಿನಾಯಿ ಇವು ತೆರೆದ ಡಬ್ಬಿಯನ್ನು ದೂರದಿಂದಲೇ ಗುರುತಿಸುವುವು; ಕರುಣೆಯಿಂದ ಒಂದು ತುತ್ತು ಎಸೆದರೆ ಹತ್ತು ಬರುತ್ತವೆ.

ಒಮ್ಮೆಗೇ ಹೊಟ್ಟೆ ಬಿರಿಯ ಉಣ್ಣುವುದಕ್ಕಿಂತ, ಹತ್ತು ಗಂಟೆಗೆ ಹಣ್ಣು ಮತ್ತು ಉಸಲಿ, ಒಂದಕ್ಕೆ ಕಡುಬು ಕೋಸಂಬರಿ, ನಾಲ್ಕಕ್ಕೆ ಅವಲಕ್ಕಿ ಎಂದು ಮೂರು ಪಾಲಾಗಿ ತಿನ್ನುವುದು ದೇಹಕ್ಕೆ ಹಗುರ. ಊಟವಾದ ಬಳಿಕ ಸ್ವಲ್ಪ ಹೊತ್ತು ನೆರಳಿನಲ್ಲಿ ವಿಶ್ರಮಿಸುವುದು ಬಿಸಿಲಿನಿಂದ ತಪ್ಪಿಸಿಕೊಳ್ಳುವುದಕ್ಕೂ ಸಹಕಾರಿ. ಆಟದಲ್ಲಿ ಮುಳುಗಿದ ಮಕ್ಕಳು ಬಾಯಾರಿಕೆಯನ್ನು ಹೇಳುವುದಿಲ್ಲ. ಅರ್ಧ ಗಂಟೆಗೊಮ್ಮೆ ಕರೆದು ಕುಡಿಸುವುದು ಹಿರಿಯರ ಹೊಣೆ. ಯಾರಿಗಾದರೂ ವಾಂತಿಭೇದಿಯಾದರೆ, ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚೆ ಸಕ್ಕರೆ ಮತ್ತು ಅರ್ಧ ಚಮಚೆ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತ ವೈದ್ಯರಲ್ಲಿಗೆ ಹೊರಡಬೇಕು; ಈ ಅಳತೆ ಚಹಾ ಚಮಚೆಯದೆಂಬುದನ್ನು ನೆನಪಿಡಬೇಕು. ಎಳನೀರು ದೊರೆಯುವ ಕಡೆ ಕೊಂಡು ಕುಡಿಯುವುದು ಯಾವಾಗಲೂ ಒಳ್ಳೆಯದು. ಹೊರಬೇಕಾದ ಭಾರವಲ್ಲ ಅದು.

ಎದ್ದು ಹೊರಡುವಾಗ, ಕಿತ್ತಳೆಯ ಸಿಪ್ಪೆಯೂ ಸೇರಿ, ತಂದದ್ದೆಲ್ಲವನ್ನೂ ತಿರುಗಿ ಒಯ್ಯಬೇಕು. ಅದಕ್ಕಾಗಿ ಒಂದು ಖಾಲಿ ಬಟ್ಟೆಚೀಲವನ್ನು ಮನೆಯಿಂದಲೇ ತಂದಿರಬೇಕು. ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ಈ ಎರಡು ತೀರಗಳಿಗೆ 2020ರಲ್ಲಿ ಸ್ವಚ್ಛತೆಯೇ ಮೊದಲಾದ ಗುಣಗಳಿಗಾಗಿ ಬ್ಲೂ ಫ್ಲ್ಯಾಗ್ ಮನ್ನಣೆ ದೊರೆತದ್ದು ನಮಗೆಲ್ಲ ಹೆಮ್ಮೆಯ ವಿಷಯ. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಏರಿಬರುವ ಮರಳೂ ಹೊನ್ನಾವರದ ಅದೇ ಪರಿಸರದಲ್ಲಿದೆ. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಚೀಲವನ್ನು ಆ ಮೂಕಪ್ರಾಣಿಗಳು ಅಂಬಲಿಮೀನೆಂದು ಭ್ರಮಿಸಿ ನುಂಗಿ ಸಾಯುತ್ತವೆ. ಆದ್ದರಿಂದ ಗಾಳಿಗೆ ಹಾರಿಹೋಗಬಲ್ಲ ತೆಳು ಚೀಲಗಳನ್ನು ಬುತ್ತಿಗೆ ಬಳಸದಿರುವುದೇ ಮೇಲು.

ಮನೆಗೆ ಬಂದ ಮೇಲೆ ಉಳಿದ ಮೊಸರನ್ನ, ಕೋಸಂಬರಿ, ಬಿಚ್ಚಿದ ಕಡುಬುಗಳನ್ನು ರಾತ್ರಿಯ ಊಟಕ್ಕೆ ಎತ್ತಿಡಬಾರದು. ಅವಲಕ್ಕಿ, ಶೇಂಗಾ, ಚಟ್ನಿಪುಡಿ, ತೆರೆಯದ ಹಣ್ಣುಗಳು ಮಾತ್ರ ಮರುದಿನಕ್ಕೆ ಬರುವುವು. ಡಬ್ಬಿಗಳ ಮುಚ್ಚಳದ ರಬ್ಬರಿನ ಬಳೆಯನ್ನು ಬಿಡಿಸಿ, ಅದರ ಸಂದಿಯಲ್ಲಿ ಸೇರಿದ ಮರಳನ್ನು ಕಳೆದು, ಬಿಸಿನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿಡಬೇಕು.