ಗಂಡಸರೇ, ಉರಿಮೂತ್ರಕ್ಕೆ ಫುಲ್‌ಸ್ಟಾಪ್ ಇಡಿ: 10 ಸೂತ್ರಗಳು

ಆರು ತಿಂಗಳಲ್ಲಿ ಎರಡು ಸಲ, ಇಲ್ಲವೇ ಒಂದು ವರ್ಷದಲ್ಲಿ ಮೂರು ಸಲ ಯೂರಿನ್ ಇನ್ಫೆಕ್ಷನ್ ಆಯಿತೇ? ಹಾಗಾದರೆ 'ಏನೋ ಬಂತು, ಹೋಯಿತು' ಎಂದು ಬಿಡುವ ಹಾಗಿಲ್ಲ. ಡಾಕ್ಟರುಗಳು ಇದನ್ನು ಮರುಕಳಿಸುವ ಸೋಂಕು ಅನ್ನುತ್ತಾರೆ. ಪರೀಕ್ಷೆಯ ಹಿಂದಿನ ವಾರ, ಪ್ರಾಜೆಕ್ಟ್ ಡೆಡ್‌ಲೈನಿನ ದಿನ, ಇಂಟರ್‌ವ್ಯೂಗೆ ಹೊರಟ ಬೆಳಿಗ್ಗೆ ಅದು ಹೇಳದೆ ಕೇಳದೆ ವಕ್ಕರಿಸುತ್ತದೆ. ಹತ್ತು ನಿಮಿಷಕ್ಕೊಮ್ಮೆ ಟಾಯ್ಲೆಟ್‌ಗೆ ಓಡುತ್ತಾ ಯಾರು ತಾನೇ ಗೆಲ್ಲುತ್ತಾರೆ?

ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಿ ಕೂರಲಿ. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಉದ್ದ; ಗಂಡಸರದ್ದು 18ರಿಂದ 20 ಸೆಂ.ಮೀ. ಅಷ್ಟು ದೂರ ಹತ್ತಿ ಬ್ಯಾಕ್ಟೀರಿಯಾ ಮೂತ್ರಕೋಶ ಸೇರುವುದು ಸುಲಭದ ಮಾತಲ್ಲ. ಆದ್ದರಿಂದ ಗಂಡಸರಿಗೆ ಸೋಂಕು ಪದೇ ಪದೇ ಬಂದರೆ ಹಿಂದೆ ಏನೋ ಕಾರಣ ಇದೆ ಎಂದೇ ಹೊರಡಬೇಕು. ಊದಿದ ಪ್ರಾಸ್ಟೇಟ್, ಕಲ್ಲು, ಕಿರಿದಾದ ಮೂತ್ರನಾಳ, ಅಂಕೆ ಮೀರಿದ ಶುಗರ್: ಇವುಗಳಲ್ಲಿ ನಿಮ್ಮದು ಯಾವುದು? ಅದನ್ನು ಹಿಡಿಯಿರಿ.

1. 'ಹೀಟ್ ಆಗಿದೆ' ಅನ್ನುವುದನ್ನು ಇವತ್ತೇ ಬಿಡಿ

ನಮ್ಮ ಮನೆಗಳಲ್ಲಿ ಉರಿಮೂತ್ರ ಎಂದ ಕೂಡಲೇ ಬರುವ ತೀರ್ಪು 'ಮೈ ಉಷ್ಣ'. ಎಳನೀರು, ಬಾರ್ಲಿ ನೀರು, ಕೊತ್ತಂಬರಿ-ಜೀರಿಗೆ ಕಷಾಯ, ಬಾಳೆದಿಂಡಿನ ಪಲ್ಯ. ಕುಡಿಯಿರಿ, ತಿನ್ನಿ, ಅಡ್ಡಿಯಿಲ್ಲ. ಮೈಗೆ ನೀರು ಸೇರುತ್ತದೆ, ಮೂತ್ರ ತಿಳಿಯಾಗುತ್ತದೆ, ಉರಿ ತುಸು ಇಳಿಯುತ್ತದೆ. ಅಪಾಯ ಇರುವುದೂ ಅಲ್ಲೇ: ಉರಿ ಇಳಿದ ಮೇಲೆ ಟೆಸ್ಟ್ ಮಾಡಿಸುವ ಯೋಚನೆ ಯಾರಿಗೂ ಬರುವುದಿಲ್ಲ. ಬಿರುಬೇಸಿಗೆಯಲ್ಲಿ ನೀರು ಕಮ್ಮಿಯಾಗಿ ಒಂದು ದಿನ ಉರಿಯುವುದು ಉಂಟು. ಎರಡು ಚೊಂಬು ನೀರು ಕುಡಿದರೆ ಸರಿಹೋಗುತ್ತದೆ. ಉರಿಯ ಜೊತೆಗೆ ಮೂತ್ರ ಕದಡಿದ್ದರೆ, ಅವಸರ ತಡೆಯಲಾಗದಿದ್ದರೆ, ಕೆಳಹೊಟ್ಟೆ ನೋಯುತ್ತಿದ್ದರೆ ಉಷ್ಣದ ಮಾತು ಬಿಟ್ಟು ಲ್ಯಾಬಿಗೆ ನಡೆಯಿರಿ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಎಳನೀರು ಕುಡಿಯಲೇಬೇಡಿ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

2. ಮೊದಲ ಮಾತ್ರೆಗೆ ಮುಂಚೆ ಕಲ್ಚರ್‌ಗೆ ಕೊಡಿ

ಸಾಮಾನ್ಯ ಯೂರಿನ್ ಟೆಸ್ಟ್ 'ಪಸ್ ಸೆಲ್ಸ್ ಇವೆ' ಎಂದಷ್ಟೇ ಹೇಳುತ್ತದೆ. ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯಲು ಕಲ್ಚರ್ ಮತ್ತು ಸೆನ್ಸಿಟಿವಿಟಿ ಬೇಕು. ರಿಪೋರ್ಟ್ ಬರಲು ಎರಡು-ಮೂರು ದಿನ ಹಿಡಿಯುತ್ತದೆ. ಸ್ಯಾಂಪಲ್ ಕೊಟ್ಟ ಕೂಡಲೇ ಡಾಕ್ಟರ್ ಹೇಳಿದ ಮಾತ್ರೆ ಶುರು ಮಾಡಬಹುದು. ರಿಪೋರ್ಟ್ ಬಂದ ಮೇಲೆ ಬೇಕಿದ್ದರೆ ಬದಲಿಸುತ್ತಾರೆ. ಮಾತ್ರೆ ನುಂಗಿ ಆಮೇಲೆ ಸ್ಯಾಂಪಲ್ ಕೊಟ್ಟರೆ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ದುಡ್ಡೂ ದಂಡ, ಸುಳಿವೂ ದಂಡ.

ಸ್ಯಾಂಪಲ್ ಹಿಡಿಯುವುದರಲ್ಲೇ ಬಹಳ ಜನ ಎಡವುತ್ತಾರೆ. ಕೈ ತೊಳೆಯಿರಿ. ಮುಂದೊಗಲನ್ನು ಹಿಂದಕ್ಕೆ ಸರಿಸಿ ನೀರಿನಲ್ಲಿ ತೊಳೆದುಕೊಳ್ಳಿ. ಮೊದಲ ಧಾರೆ ಕಮೋಡಿಗೆ ಬಿಡಿ, ನಡುವಿನದನ್ನು ಡಬ್ಬಿಗೆ ಹಿಡಿಯಿರಿ, ಕೊನೆಯದನ್ನು ಮತ್ತೆ ಕಮೋಡಿಗೆ ಬಿಡಿ. ಡಬ್ಬಿಯ ಅಂಚಿಗೂ ಮುಚ್ಚಳದ ಒಳಭಾಗಕ್ಕೂ ಬೆರಳು ತಾಗಬಾರದು. ಲ್ಯಾಬ್ ಕೊಟ್ಟ ಸ್ಟೆರೈಲ್ ಡಬ್ಬಿಯೇ ಆಗಬೇಕು. ಒಂದು-ಎರಡು ಗಂಟೆಯೊಳಗೆ ತಲುಪಿಸಿ. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಬಾಕ್ಸಿನಲ್ಲಿ ಡಬ್ಬಿ ಉಳಿದರೆ ಚರ್ಮದ ಮೇಲಿನ ನಾಲ್ಕಾರು ಬ್ಯಾಕ್ಟೀರಿಯಾಗಳೂ ಅಲ್ಲೇ ಸಂಸಾರ ಹೂಡುತ್ತವೆ, ರಿಪೋರ್ಟ್ ದಾರಿ ತಪ್ಪಿಸುತ್ತದೆ.

ರಿಪೋರ್ಟ್ ಬಂದ ಮೇಲೆ ನೀವೇ ಓದಿ. ಔಷಧದ ಹೆಸರಿನ ಮುಂದೆ ಎಸ್ ಇದ್ದರೆ ಕೆಲಸ ಮಾಡುತ್ತದೆ, ಆರ್ ಇದ್ದರೆ ಮಾಡುವುದಿಲ್ಲ. ಹಳೆಯ ರಿಪೋರ್ಟುಗಳನ್ನೂ ಪಕ್ಕದಲ್ಲಿಟ್ಟು ನೋಡಿ. ಪ್ರತಿ ಸಲವೂ ಅದೇ ಬ್ಯಾಕ್ಟೀರಿಯಾ ಬಂದಿದ್ದರೆ ಅದು ಪ್ರಾಸ್ಟೇಟಿನಲ್ಲೋ ಕಲ್ಲಿನಲ್ಲೋ ಅಡಗಿರುವ ಸಾಧ್ಯತೆ ಹೆಚ್ಚು. 'ಪ್ರೋಟಿಯಸ್' ಎಂಬ ಹೆಸರು ಕಂಡರೆ 'ಸಾರ್, ಕಲ್ಲು ಇದೆಯಾ ನೋಡಬೇಕಲ್ಲವೇ?' ಎಂದು ಕೇಳಿ. ಆ ಬ್ಯಾಕ್ಟೀರಿಯಾ ತಾನೇ ಕಲ್ಲು ಕಟ್ಟುವಂತೆ ಮಾಡುತ್ತದೆ, ಆ ಕಲ್ಲಿನೊಳಗೇ ಔಷಧದಿಂದ ತಪ್ಪಿಸಿಕೊಳ್ಳುತ್ತದೆ.

3. ಹಳೆಯ ಸ್ಟ್ರಿಪ್ ಹಿಡಿದು ಮೆಡಿಕಲ್ ಸ್ಟೋರಿಗೆ ಹೋಗಬೇಡಿ

ಆ್ಯಂಟಿಬಯಾಟಿಕ್ ಸ್ಟ್ರಿಪ್ಪಿನ ಹಿಂದೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ, ನೋಡಿ. ಡಾಕ್ಟರ ಚೀಟಿ ಇಲ್ಲದೆ ನುಂಗಬೇಡಿ ಎಂಬ ಎಚ್ಚರಿಕೆ ಅದು. ಸೆಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್‌ಗಳು 2014ರಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಮಾರಿದ್ದನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದಿಡಬೇಕು. ಮೂರು ಮಾತ್ರೆ ನುಂಗಿ, ಉರಿ ನಿಂತಿತೆಂದು ಬಿಟ್ಟರೆ ಗಟ್ಟಿ ಬ್ಯಾಕ್ಟೀರಿಯಾ ಮಾತ್ರ ಉಳಿದುಕೊಳ್ಳುತ್ತದೆ. ಮುಂದಿನ ಸಲ ಅದೇ ಮಾತ್ರೆ ಕೈಕೊಡುತ್ತದೆ.

4. ಸ್ಕ್ಯಾನ್ ರಿಪೋರ್ಟಿನಲ್ಲಿ ಒಂದು ಸಾಲು ಹುಡುಕಿ

ಹತ್ತು ಸೂತ್ರದಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿದಾಗ ಕೊನೆಯಲ್ಲಿ 'ಪೋಸ್ಟ್ ವಾಯ್ಡ್ ರೆಸಿಡ್ಯೂ' ಎಂದು ಒಂದು ಸಾಲು ಬರುತ್ತದೆ. ಮೂತ್ರ ಮಾಡಿ ಬಂದ ಮೇಲೂ ಮೂತ್ರಕೋಶದಲ್ಲಿ ಎಷ್ಟು ಉಳಿದಿದೆ ಅನ್ನುವ ಲೆಕ್ಕ ಅದು. 50 ಮಿ.ಲೀ. ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 200 ದಾಟಿದರೆ ಮೂತ್ರಕೋಶ ಸರಿಯಾಗಿ ಖಾಲಿಯಾಗುತ್ತಿಲ್ಲ. ನಡುವಿನ ಅಂಕಿಯನ್ನು ನಿಮ್ಮ ಲಕ್ಷಣಗಳ ಜೊತೆ ಸೇರಿಸಿ ಡಾಕ್ಟರ್ ತೂಗುತ್ತಾರೆ.

ಯಾಕೆ ಇಷ್ಟು ಮುಖ್ಯ? ಗುಂಡಿಯಲ್ಲಿ ನಿಂತ ನೀರು ಕೊಳೆಯುವ ಹಾಗೆ ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಎಂಥ ದುಬಾರಿ ಆ್ಯಂಟಿಬಯಾಟಿಕ್ ಆದರೂ ಆ ಗುಂಡಿಯನ್ನು ಬತ್ತಿಸಲಾರದು. 60ರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರ ಪ್ರಾಸ್ಟೇಟ್ ದೊಡ್ಡದಾಗಿರುತ್ತದೆ, ಅದು ದಾರಿಗೆ ಅಡ್ಡ ಬರುತ್ತದೆ. ಇಪ್ಪತ್ತು-ಮೂವತ್ತರ ಹುಡುಗರೇ, ನಿಮಗಲ್ಲ ಇದು ಎಂದು ಪುಟ ತಿರುಗಿಸಬೇಡಿ. ಹಿಂದೆ ಪೆಟ್ಟು ಬಿದ್ದಿದ್ದರೆ, ಮೂತ್ರಕ್ಕೆ ಪೈಪ್ ಹಾಕಿಸಿಕೊಂಡಿದ್ದರೆ, ಗೊನೊರಿಯಾ ಬಂದಿದ್ದರೆ ಮೂತ್ರನಾಳ ಒಳಗೇ ಗಾಯಕಟ್ಟಿ ಕಿರಿದಾಗಿರಬಹುದು. ಧಾರೆ ಸಣ್ಣಗಾಗಿದೆಯೇ, ಎರಡಾಗಿ ಸೀಳುತ್ತಿದೆಯೇ, ಮುಗಿಯಲು ಹೊತ್ತು ಹಿಡಿಯುತ್ತಿದೆಯೇ? ಗಮನಿಸಿ, ಬರೆದಿಡಿ, ಯೂರೋಫ್ಲೋ ಟೆಸ್ಟ್ ಬೇಕೇ ಎಂದು ಕೇಳಿ. ಯಂತ್ರದೊಳಗೆ ಮೂತ್ರ ಮಾಡಿದರಾಯಿತು, ನೋವಿಲ್ಲ. ಸೆಕೆಂಡಿಗೆ ಎಷ್ಟು ಮಿ.ಲೀ. ಹರಿಯುತ್ತದೆ ಎಂದು ಗ್ರಾಫ್ ಬರುತ್ತದೆ.

ಸ್ಕ್ಯಾನಿಗೆ ಹೋದಾಗ ಒಂದು ಎಚ್ಚರ. ಬಾಟಲಿಗಟ್ಟಲೆ ನೀರು ಕುಡಿಸಿ, ಒತ್ತಡ ತಡೆಯಲಾಗದ ತನಕ ಕೂರಿಸಿದರೆ ಮೂತ್ರಕೋಶ ಬಿಗಿದು, ಒಂದೇ ಸಲಕ್ಕೆ ಖಾಲಿಯಾಗುವುದಿಲ್ಲ. ಅಂಕಿ ಸುಳ್ಳೇ ದೊಡ್ಡದಾಗಿ ಬರುತ್ತದೆ. ಸಾಮಾನ್ಯ ಒತ್ತಡ ಬಂದಾಗಲೇ ಹೇಳಿ. ಹೋಗಿ ಬಂದ ಮೇಲೂ ಉಳಿದಿದೆ ಅನ್ನಿಸಿದರೆ ಇನ್ನೊಮ್ಮೆ ಹೋಗಿ ಬಂದು ಅಳತೆ ಮಾಡಿಸಿ.

5. ಪ್ರಾಸ್ಟೇಟ್ ಸೋಂಕಿಗೆ ಶಾರ್ಟ್‌ಕಟ್ ಹುಡುಕಬೇಡಿ

ಜ್ವರವಿಲ್ಲದ ಗಂಡಸರ ಸಾಮಾನ್ಯ ಸೋಂಕಿಗೆ 7 ದಿನದ ಕೋರ್ಸ್ 14 ದಿನದಷ್ಟೇ ಕೆಲಸ ಮಾಡುತ್ತದೆ ಎಂದು 2021ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅನಗತ್ಯವಾಗಿ ಎಳೆಯುವುದು ಬೇಡ. ಆದರೆ ಸೋಂಕು ಪ್ರಾಸ್ಟೇಟಿಗೆ ಇಳಿದಿದ್ದರೆ ಲೆಕ್ಕವೇ ಬೇರೆ: ನಾಲ್ಕರಿಂದ ಆರು ವಾರ ಹಿಡಿಯಬಹುದು. ಎಲ್ಲ ಔಷಧವೂ ಆ ಗ್ರಂಥಿಯೊಳಗೆ ಹೋಗುವುದಿಲ್ಲ. ನೈಟ್ರೋಫ್ಯುರಾಂಟಾಯಿನ್ ಮೂತ್ರಕೋಶದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಪ್ರಾಸ್ಟೇಟ್ ತಲುಪುವುದಿಲ್ಲ. ಹೆಂಡತಿಗೆ ಬರೆದುಕೊಟ್ಟ ಮಾತ್ರೆ ನಿಮಗೆ ಆಗಿಬರದಿರಲು ಇದೇ ಕಾರಣ. ಸಿಪ್ರೋಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್ ನುಂಗುವಾಗ ಹಿಮ್ಮಡಿಯ ಹಿಂದೆ ನೋವು ಕಾಣಿಸಿದರೆ ಓಟ, ಜಿಮ್ ನಿಲ್ಲಿಸಿ, ಕೂಡಲೇ ಡಾಕ್ಟರಿಗೆ ಹೇಳಿ. ಸ್ನಾಯುರಜ್ಜು ಹರಿಯುವ ಅಪಾಯವಿದೆ.

ಇನ್ನೊಂದು. ಸೋಂಕಿನ ಬೆನ್ನಿಗೇ ಕಂಪನಿಯ ಹೆಲ್ತ್ ಚೆಕಪ್ ಬಂದರೆ ಪ್ರಾಸ್ಟೇಟಿನ ರಕ್ತಪರೀಕ್ಷೆಯಾದ ಪಿಎಸ್‌ಎ ಟೆಸ್ಟ್ ಮುಂದಕ್ಕೆ ಹಾಕಿ. ಸೋಂಕಿನಿಂದಲೇ ಅದು ಏರುತ್ತದೆ. ಆರರಿಂದ ಎಂಟು ವಾರ ಬಿಟ್ಟು ಮಾಡಿಸಿದರೆ ಕ್ಯಾನ್ಸರ್ ಭಯದಲ್ಲಿ ನಿದ್ದೆಗೆಡುವುದು ತಪ್ಪುತ್ತದೆ.

6. ಪೂರ್ತಿ ಖಾಲಿ ಮಾಡುವ ಅಭ್ಯಾಸ ಬೆಳೆಸಿಕೊಳ್ಳಿ

ಅವಸರ ಬೇಡ. ಮುಗಿಯಿತು ಅನ್ನಿಸಿದ ಮೇಲೆ ಅರ್ಧ ನಿಮಿಷ ನಿಲ್ಲಿ, ಮತ್ತೊಮ್ಮೆ ಪ್ರಯತ್ನಿಸಿ. ಪ್ರಾಸ್ಟೇಟ್ ತೊಂದರೆ ಇದ್ದರೆ ಕುಳಿತು ಮಾಡಿ. ನೆದರ್ಲೆಂಡ್ಸ್‌ನ ಲೈಡನ್ ಸಂಶೋಧಕರು 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಅಂಥವರಲ್ಲಿ ಕುಳಿತಾಗ ಉಳಿಕೆ ಕಡಿಮೆಯಾದದ್ದು ಕಂಡಿತು. ಆರೋಗ್ಯವಂತರಲ್ಲಿ ವ್ಯತ್ಯಾಸ ಇರಲಿಲ್ಲ. ಕುಳಿತರೆ ಗಂಡಸುತನಕ್ಕೆ ಕುಂದು ಎಂಬ ಅಳುಕು ಇದ್ದರೆ ಅದನ್ನು ಬಾಗಿಲ ಹೊರಗೇ ಬಿಡಿ.

ಮಲಬದ್ಧತೆ ಬಿಡಿಸಿಕೊಳ್ಳಿ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ನೆಗಡಿ ಮಾತ್ರೆ ಕೊಳ್ಳುವಾಗ ಪ್ರಾಸ್ಟೇಟ್ ವಿಷಯ ತಿಳಿಸಿ. ಫಿನೈಲೆಫ್ರಿನ್, ಕ್ಲೋರ್‌ಫೆನಿರಮೈನ್ ಇರುವ ಮಾತ್ರೆಗಳಿಂದ ಕೆಲವರಿಗೆ ಮೂತ್ರ ಪೂರ್ತಿ ಕಟ್ಟಿಬಿಡುತ್ತದೆ.

7. ನೀರಿಗೂ ಟಾಯ್ಲೆಟ್‌ಗೂ ಟೈಮ್‌ಟೇಬಲ್ ಹಾಕಿ

ದಿನಕ್ಕೆ ಒಂದೂವರೆ ಲೀಟರ್ ಹೆಚ್ಚುವರಿ ನೀರು ಕುಡಿದ ಹೆಂಗಸರಲ್ಲಿ ಸೋಂಕು ಸುಮಾರು ಅರ್ಧಕ್ಕೆ ಇಳಿದದ್ದು 2018ರ ಅಧ್ಯಯನವೊಂದರಲ್ಲಿ ಕಂಡಿದೆ. ಗಂಡಸರ ಮೂತ್ರಕೋಶವೂ ಹರಿವಿನಿಂದಲೇ ತೊಳೆದುಕೊಳ್ಳುವುದು. ಮೂತ್ರ ತಿಳಿ ಹಳದಿ ಬಣ್ಣಕ್ಕೆ ಬರುವಷ್ಟು ಕುಡಿಯಿರಿ. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಫೀಲ್ಡ್ ಕೆಲಸ ಮಾಡುವವರಿಗೆ ಎ.ಸಿ. ಆಫೀಸಿನವರ ಲೆಕ್ಕ ಸಾಲದು. ಹೃದಯ, ಕಿಡ್ನಿ ಕಾಯಿಲೆಗೆ ನೀರಿನ ಮಿತಿ ಹಾಕಿದ್ದರೆ ಆ ಮಿತಿಯೊಳಗೇ ಇರಿ.

ಬಸ್ಸು, ಕ್ಯಾಬ್ ಓಡಿಸುವವರೇ, ಡೆಲಿವರಿ ಹುಡುಗರೇ, ನಿಮ್ಮ ಕಷ್ಟ ನಿಜವಾದದ್ದು. ಟಾಯ್ಲೆಟ್ ಸಿಗುವುದಿಲ್ಲ, ಆದ್ದರಿಂದ ನೀರೇ ಕುಡಿಯುವುದಿಲ್ಲ. ಈ ಸರಪಳಿ ಮುರಿಯಿರಿ. ರೂಟಿನಲ್ಲಿರುವ ಪೆಟ್ರೋಲ್ ಬಂಕ್, ಬಸ್ ನಿಲ್ದಾಣ, ಹೋಟೆಲುಗಳನ್ನು ಗುರುತು ಮಾಡಿಕೊಳ್ಳಿ. ಮೂರು-ನಾಲ್ಕು ಗಂಟೆಗೊಮ್ಮೆ ಒತ್ತಡ ಇರಲಿ ಬಿಡಲಿ ಇಳಿಯಿರಿ.

8. ಶುಗರ್ ಅಂಕೆಗೆ ತನ್ನಿ, ಮೈ ಸ್ವಚ್ಛವಿಡಿ

ಶುಗರ್ ಏರಿದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ವರ್ಷಗಟ್ಟಲೆ ಏರಿಯೇ ಇದ್ದರೆ ಮೂತ್ರಕೋಶದ ನರಗಳೂ ಮಂಕಾಗಿ, ತುಂಬಿದ್ದು ಗೊತ್ತೇ ಆಗುವುದಿಲ್ಲ. ಎಚ್‌ಬಿಎ1ಸಿ ಎಂಬ ಶುಗರ್ ಟೆಸ್ಟ್ ಮಾಡಿಸಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರ ಮೂತ್ರದಲ್ಲೇ ಸಕ್ಕರೆ ಹೋಗುತ್ತದೆ, ಮುಂದೊಗಲ ಕೆಳಗೆ ಫಂಗಸ್ ಹಿಡಿಯುವುದು ಹೆಚ್ಚು. ಮಾತ್ರೆ ನೀವೇ ನಿಲ್ಲಿಸಬೇಡಿ, ತೊಂದರೆ ಡಾಕ್ಟರಿಗೆ ತಿಳಿಸಿ. ಸ್ನಾನದಲ್ಲಿ ಮುಂದೊಗಲು ಹಿಂದೆ ಸರಿಸಿ ಬರಿ ನೀರಿನಲ್ಲಿ ತೊಳೆಯಿರಿ, ಒರೆಸಿ, ಮತ್ತೆ ಮುಂದಕ್ಕೆ ತನ್ನಿ. ಹಿಂದೆ ಸರಿಯುವುದೇ ಇಲ್ಲವೆಂದರೆ ತೋರಿಸಿ. ಅದಕ್ಕೆ ಚಿಕಿತ್ಸೆ ಇದೆ. ಹೊಸ ಸಂಗಾತಿಯ ಜೊತೆ ಕಾಂಡೋಮ್ ಬಳಸಿ. ಉರಿಯ ಜೊತೆ ಕೀವು ಸೋರುತ್ತಿದ್ದರೆ ಲೈಂಗಿಕ ಸೋಂಕಿನ ಟೆಸ್ಟ್ ಮಾಡಿಸಿ, ಸಂಗಾತಿಗೂ ಮಾಡಿಸಿ.

9. ಕ್ರ್ಯಾನ್‌ಬೆರಿಗೆ ದುಡ್ಡು ಸುರಿಯಬೇಡಿ, ಪೈಪಿನ ಮೇಲೆ ಕಣ್ಣಿಡಿ

ಕೆಲವು ಹೆಂಗಸರಿಗೆ, ಮಕ್ಕಳಿಗೆ ಉಪಯೋಗ ಆದದ್ದಕ್ಕೆ ಪುರಾವೆ ಇದೆ. ಗಂಡಸರಿಗೆ ಇಲ್ಲ. ಆ ದುಡ್ಡಿಗೆ ಕಲ್ಚರ್ ಮಾಡಿಸಿ.

ಮನೆಯಲ್ಲಿ ಅಪ್ಪನಿಗೋ ಮಾವನಿಗೋ ಯೂರಿನ್ ಪೈಪ್ ಹಾಕಿದ್ದರೆ ಗಮನ ಅಲ್ಲಿಗೂ ಹರಿಯಲಿ. ಬ್ಯಾಗ್ ಸದಾ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಪೈಪಿನ ಜೋಡಣೆ ಬಿಚ್ಚಬೇಡಿ. 'ಯಾವಾಗ ತೆಗೆಯುತ್ತೀರಿ?' ಎಂದು ಪ್ರತಿ ಭೇಟಿಯಲ್ಲೂ ಕೇಳಿ, ಏಕೆಂದರೆ ಪೈಪ್ ಇರುವ ಪ್ರತಿ ದಿನ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಶೇಕಡಾ 3ರಿಂದ 7. ಜ್ವರ, ನೋವು ಏನೂ ಇಲ್ಲದೆ ಮೂತ್ರ ಬರೀ ಕದಡಿದೆ ಎಂದು ಆ್ಯಂಟಿಬಯಾಟಿಕ್ ಕೊಡಿಸಲು ಹೋಗಬೇಡಿ.

10. ಯೂರಾಲಜಿಸ್ಟ್ ಅಪಾಯಿಂಟ್‌ಮೆಂಟ್ ಈ ವಾರವೇ ತೆಗೆದುಕೊಳ್ಳಿ

'ಇನ್ನೊಂದು ಸಲ ಬಂದರೆ ನೋಡೋಣ' ಅನ್ನುವುದು ಬಿಡಬೇಕಾದ ಚಟ. ನಾಚಿಕೆಯೂ ಅಷ್ಟೇ. ಖಾಸಗಿ ಆಸ್ಪತ್ರೆ ದುಬಾರಿ ಅನ್ನಿಸಿದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ನೆಫ್ರೋ-ಯೂರಾಲಜಿ ಸಂಸ್ಥೆ ಇದೆ. ಬೇರೆ ಊರಿನವರು ಹತ್ತಿರದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ವಿಚಾರಿಸಿ. ಎಲ್ಲ ಕಲ್ಚರ್ ರಿಪೋರ್ಟು, ಸ್ಕ್ಯಾನು, ನುಂಗಿದ ಮಾತ್ರೆಗಳ ಹೆಸರು ಒಂದೇ ಫೈಲಿನಲ್ಲಿರಲಿ. ಮೂರು ದಿನ ಎಷ್ಟು ಗಂಟೆಗೆ ಎಷ್ಟು ಮಿ.ಲೀ. ಹೋಯಿತೆಂದು ಅಳತೆ ಜಗ್ಗಿನಲ್ಲಿ ಹಿಡಿದು ಬರೆದು ಒಯ್ಯಿರಿ. ಪ್ರಾಸ್ಟೇಟ್ ದಾರಿಗೆ ಅಡ್ಡ ಬಂದಿದ್ದರೆ ಮಾತ್ರೆಯಲ್ಲೇ ಧಾರೆ ಸಡಿಲವಾಗುವವರು ಬಹಳ ಮಂದಿ. ಆಗದವರಿಗೆ ಎಂಡೋಸ್ಕೋಪಿ, ಲೇಸರ್ ಶಸ್ತ್ರಚಿಕಿತ್ಸೆಗಳಿವೆ.

ನೋವಿಲ್ಲದೆ ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡರೂ ಬಿಡಬೇಡಿ, ತೋರಿಸಿ. ನಡುಕದ ಚಳಿಜ್ವರ, ಪಕ್ಕೆಯ ಹಿಂದೆ ನೋವು, ವಾಂತಿ, ಅಥವಾ ಹೊಟ್ಟೆ ಬಿಗಿದಿದ್ದರೂ ಒಂದು ಹನಿಯೂ ಬಾರದ ಸ್ಥಿತಿ: ಇವುಗಳಲ್ಲಿ ಯಾವುದಾದರೂ ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಬೆಳಗಾಗಲಿ ಎಂದು ಮಲಗಬೇಡಿ. ಮನೆಯವರನ್ನು ಎಬ್ಬಿಸಿ, ಫೈಲ್ ಕೈಗೆತ್ತಿಕೊಂಡು ನೇರ ಎಮರ್ಜೆನ್ಸಿಗೆ ಹೋಗಿ.